ಕೇಳುವವರಿಲ್ಲದ ಎಡೆ: ಠಾಣೆ, ಕಚೇರಿ, ಕಾರಖಾನೆಗಳ ಕಥನದಲ್ಲಿ ಸಾಮಾನ್ಯನ ಕ್ರೌರ್ಯ

ವಿಜಯವಾಡದಲ್ಲಿಯೂ ವಿಶಾಖಪಟ್ಟಣದ ಗಾಜುವಾಕದ ಬಳಿಯೂ 'ಆಟೋನಗರ್' ಎಂಬ ಒಂದೇ ಹೆಸರಿನ ಬಡಾವಣೆಗಳಿವೆ. ಲಾರಿಗಳಿಗೆ ಮೈ ಕಟ್ಟುವವರು, ಬೆಸುಗೆಯವರು, ತಗಡು ಬಡಿಯುವವರು, ಬಣ್ಣ ಬಳಿಯುವವರು, ಹಳೆಯ ಬಿಡಿಭಾಗ ಮಾರುವವರು ಒತ್ತೊತ್ತಾಗಿ ಸೇರಿಕೊಂಡಿರುವ ಎಡೆಗಳಿವು. ಇಂಥ ಕಡೆಗಳಲ್ಲಿ ಕಸಬು ಶಾಲೆಯಿಂದ ಬರುವುದಿಲ್ಲ, ಮೇಸ್ತ್ರಿಯಿಂದ ಬರುತ್ತದೆ. ಕೈಕೆಳಗೆ ದುಡಿಯುವ ಹುಡುಗನ ಕೂಲಿ, ಊಟ, ಬೈಗುಳ, ಬಡಿತ ಎಲ್ಲವೂ ಮೇಸ್ತ್ರಿಯ ಇಷ್ಟಾನಿಷ್ಟಗಳಿಗೆ ಸೇರಿದವು. ಪೆಟ್ಟು ತಿನ್ನದವನಿಗೆ ಕೆಲಸ ಹತ್ತುವುದಿಲ್ಲವೆಂಬ ನಂಬಿಕೆ ಕರ್ನಾಟಕದ ಗ್ಯಾರೇಜುಗಳಲ್ಲಿಯೂ ಉಂಟು. ಪೆಟ್ಟು ಕೊಡುವ ಮೇಸ್ತ್ರಿ ಒಂದು ಕಾಲಕ್ಕೆ ಅದೇ ಪೆಟ್ಟು ತಿಂದವನು. ತಾನು ಕ್ರೂರಿಯೆಂದು ಅವನಿಗೆ ಅನಿಸುವುದಿಲ್ಲ, ಕಲಿಸುತ್ತಿದ್ದೇನೆಂದೇ ಅನಿಸುತ್ತದೆ.

ಅಂಕೆಯಿಲ್ಲದ ಅಧಿಕಾರ ದೊರೆತಾಗ ಸಾಮಾನ್ಯ ಮನುಷ್ಯ ಮತ್ತೊಬ್ಬನನ್ನು ಹಿಂಸಿಸುವುದು ಹೇಗೆ ಸಾಧ್ಯವಾಗುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಕಥನಗಳು ಎದುರಿಸಿರುವ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ರಾಜ್ಯದ ಹೊರಗಿದ್ದು ಕನ್ನಡ ಸಾಹಿತ್ಯದ ಅಧ್ಯಯನದಲ್ಲಿ ತೊಡಗಿರುವವರಿಗೆ ತೆಲುಗು, ತಮಿಳು ಕೃತಿಗಳು ಕಣ್ಣೆದುರಿಗೇ ಇರುವುದರಿಂದ ಅವುಗಳ ಪಕ್ಕದಲ್ಲಿಟ್ಟು ಕನ್ನಡದ ಕೃತಿಗಳನ್ನು ನೋಡುವುದು ಉಚಿತವೆಂದು ಭಾವಿಸಿದ್ದೇವೆ.

ವಿಜಯವಾಡದ ಆಟೋನಗರವನ್ನೇ ವಸ್ತುವಾಗುಳ್ಳ ತೆಲುಗು ಚಿತ್ರ ದೇವ ಕಟ್ಟ ಅವರ 'ಆಟೋನಗರ್ ಸೂರ್ಯ' 2014ರಲ್ಲಿ ತೆರೆಕಂಡಿತು. ಕೆಲಸಗಾರರ ರಕ್ಷಣೆಗೆಂದು ಹುಟ್ಟಿದ ಸಂಘವೇ ಕೆಲಸಗಾರರ ಮೇಲೆ ದಬ್ಬಾಳಿಕೆ ನಡೆಸುವ ಯಂತ್ರವಾಗಿ ಮಾರ್ಪಡುವುದು ಅಲ್ಲಿನ ಸಮಸ್ಯೆ. ವಸ್ತು ನಿಜವಾಗಿಯೂ ಗಂಭೀರವಾದದ್ದು. ಆದರೆ ಚಿತ್ರ ಈ ದಬ್ಬಾಳಿಕೆಯನ್ನು ಕೆಲವರು ದುಷ್ಟರ ಮೈಗೆ ಅಂಟಿಸಿ, ಅವರನ್ನು ಬಡಿಯಬಲ್ಲ ಒಬ್ಬ ನಾಯಕನನ್ನು ಸೃಷ್ಟಿಸಿ ತೃಪ್ತಿಪಡುತ್ತದೆ. ನಿನ್ನೆಯವರೆಗೆ ಪಾನಾ ಹಿಡಿದಿದ್ದವನೊಬ್ಬ ಸಂಘದ ರಸೀದಿ ಪುಸ್ತಕ ಹಿಡಿದ ಮರುದಿನ ತನ್ನ ನೆರೆಯವನನ್ನು ಹೆದರಿಸುವುದು ಹೇಗೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಜನಪ್ರಿಯ ಚಿತ್ರದಿಂದ ಇಷ್ಟನ್ನು ನಿರೀಕ್ಷಿಸುವುದೇ ತಪ್ಪೆಂದು ಕೆಲವರು ಹೇಳಬಹುದು. ನಾವು ಹಾಗೆ ತಿಳಿದಿಲ್ಲ. ಖಳನ ಕಲ್ಪನೆ ಪ್ರೇಕ್ಷಕನನ್ನು ಆರೋಪಿಗಳ ಸಾಲಿನಿಂದ ಸುಲಭವಾಗಿ ಹೊರಗಿಡುತ್ತದೆ.

ವಿಜಯವಾಡದಿಂದ ಗುಂಟೂರು ಬಹಳ ದೂರವೇನಲ್ಲ. ಕೊಯಮತ್ತೂರಿನ ಆಟೋ ಚಾಲಕ ಎಂ. ಚಂದ್ರಕುಮಾರ್ ಅವರು 1983ರಲ್ಲಿ ಆ ಊರಿನ ಪೊಲೀಸ್ ಬಂಧನದಲ್ಲಿ ತಾವು ಅನುಭವಿಸಿದುದನ್ನು ಆಧರಿಸಿ ತಮಿಳಿನಲ್ಲಿ 'ಲಾಕಪ್' ಎಂಬ ಕಾದಂಬರಿ ಬರೆದರು. ಅದನ್ನು ಆಧರಿಸಿದ ವೆಟ್ರಿಮಾರನ್ ಅವರ 'ವಿಸಾರಣೈ' 2015ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಕೂಲಿಯನ್ನರಸಿ ಬಂದ ತಮಿಳು ಯುವಕರು ಇಲ್ಲಿನ ಬಂಧಿಗಳು. ಶ್ರೀಮಂತನೊಬ್ಬನ ಮನೆಯಲ್ಲಿ ಕಳವಾಗಿದೆ; ಪ್ರಕರಣ ಮುಗಿಯಲೇಬೇಕೆಂದು ಮೇಲಿನಿಂದ ಒತ್ತಡವಿದೆ; ಆದುದರಿಂದ ಒಪ್ಪಿಗೆಯ ಹೇಳಿಕೆ ಬೇಕಾಗಿದೆ. ಹಿಂಸೆಗೆ ಇಷ್ಟೇ ಕಾರಣ. ಹೊಡೆಯುವವರಿಗೆ ಹೊಡೆಸಿಕೊಳ್ಳುವವರ ಮೇಲೆ ದ್ವೇಷವಿಲ್ಲ, ಅವರ ಹೆಸರುಗಳೂ ಮುಖ್ಯವಲ್ಲ. ಇನ್ಸ್‌ಪೆಕ್ಟರನ ಪಾತ್ರದಲ್ಲಿ ಅಜಯ್ ಘೋಷ್ ಅವರ ಅಭಿನಯದ ಬಲವಿರುವುದು ಕೂಗಾಟದಲ್ಲಲ್ಲ. ಬಾಕಿ ಉಳಿದ ಕಡತವೊಂದನ್ನು ಮುಗಿಸಲು ಕುಳಿತ ಗುಮಾಸ್ತನ ಬೇಸರ ಅವರ ಮುಖದಲ್ಲಿದೆ.

ಈ ಯುವಕರು ಪಾರಾಗುವ ಸನ್ನಿವೇಶವನ್ನು ವಿಮರ್ಶೆ ಹೆಚ್ಚು ಗಮನಿಸಬೇಕಾಗಿದೆ. ನ್ಯಾಯಾಲಯದಲ್ಲಿ ಅವರ ಮಾತು ನ್ಯಾಯಾಧೀಶರಿಗೆ ತಿಳಿಯದು. ಬೇರೊಂದು ಪ್ರಕರಣಕ್ಕಾಗಿ ಅಲ್ಲಿಗೆ ಬಂದಿದ್ದ ತಮಿಳುನಾಡಿನ ಪೊಲೀಸ್ ಅಧಿಕಾರಿ ಮುತ್ತುವೇಲ್ ಭಾಷಾಂತರಿಸುತ್ತಾನೆ; ನಡೆದದ್ದೇನೆಂದು ನ್ಯಾಯಪೀಠ ಕೇಳುತ್ತದೆ; ಬಿಡುಗಡೆಯಾಗುತ್ತದೆ. ಅಷ್ಟು ದಿನಗಳ ಹಿಂಸೆ ನಿಲ್ಲಲು ಬೇಕಾದದ್ದು ಒಬ್ಬ ಕೇಳುವವ, ಒಬ್ಬ ಮಾತು ದಾಟಿಸುವವ. 'ಕೇಳು' ಎಂಬ ಕ್ರಿಯಾಪದಕ್ಕೆ ಕನ್ನಡದಲ್ಲಿ ಪ್ರಶ್ನಿಸು ಮತ್ತು ಆಲಿಸು ಎಂಬ ಎರಡು ಅರ್ಥಗಳಿರುವುದು ಇಲ್ಲಿ ನೆನಪಾಗುತ್ತದೆ. ಹಳ್ಳಿಯವರು ಹೇಳುವ ಹೇಳುವವರು ಕೇಳುವವರು ಇಲ್ಲದ ಸ್ಥಿತಿಯನ್ನು ನಾವು 'ಅರಾಜಕತೆ' ಎಂದು ಅನುವಾದಿಸಿಕೊಂಡು ಬಂದಿದ್ದೇವೆ. ಅದು ಸರಿಯಲ್ಲವೆಂದು ತೋರುತ್ತದೆ. ಠಾಣೆಯಲ್ಲಿ ಅರಾಜಕತೆ ಇರುವುದಿಲ್ಲ. ಅಲ್ಲಿ ವೇಳಾಪಟ್ಟಿ, ದರ್ಜೆ, ಕಡತ ಎಲ್ಲವೂ ಕ್ರಮವಾಗಿಯೇ ಇರುತ್ತವೆ. ಇಲ್ಲದಿರುವುದು ಕೇಳುವವರು ಮಾತ್ರ.

ಚಿತ್ರದ ಉತ್ತರಾರ್ಧ ಚೆನ್ನೈಗೆ ಸಾಗುತ್ತದೆ. ಕಾದಂಬರಿ ಗುಂಟೂರಿನ ಅನುಭವಕ್ಕೆ ಸೀಮಿತವಾದದ್ದು. ಈ ಭಾಗ ನಿರ್ದೇಶಕರ ಸೇರ್ಪಡೆ. ಬಿಡುಗಡೆಯಾದವರು ಉಪಕಾರಕ್ಕೆ ಪ್ರತಿಯಾಗಿ ಮುತ್ತುವೇಲನ ಠಾಣೆಯಲ್ಲಿ ಗುಡಿಸಿ ತೊಳೆಯುವ ಕೆಲಸಕ್ಕೆ ನಿಲ್ಲುತ್ತಾರೆ, ಅಲ್ಲಿ ಕೆ.ಕೆ. ಎಂಬ ಲೆಕ್ಕಪರಿಶೋಧಕ ಬಂಧನದಲ್ಲಿಯೇ ಸಾಯುತ್ತಾನೆ. (ಈ ಪಾತ್ರ ವಹಿಸಿರುವವರು ಕನ್ನಡದ ನಟ ಕಿಶೋರ್.) ಕೇಳಬಾರದ್ದನ್ನು ಕೇಳಿಸಿಕೊಂಡ ಕಾರಣಕ್ಕೆ ಗುಡಿಸುವವರೂ, ಹಿಂಜರಿದ ಕಾರಣಕ್ಕೆ ಮುತ್ತುವೇಲನೂ ಬಲಿಯಾಗುತ್ತಾರೆ. ಉತ್ತರಾರ್ಧ ರೋಮಾಂಚಕ ಕಥೆಯ ದಾರಿ ಹಿಡಿದು ಸಡಿಲವಾಯಿತೆಂಬ ಆಕ್ಷೇಪದಲ್ಲಿ ಹುರುಳಿದೆ. ಆದರೂ ನ್ಯಾಯಾಲಯದಲ್ಲಿ ಬಿಡಿಸಿದವನೇ ತನ್ನ ಠಾಣೆಯಲ್ಲಿ ತಡೆಯಲಾರದೆ ಹೋಗುವುದನ್ನು ತೋರಿಸಿದ್ದು ಆ ಭಾಗವೇ. ಒಳ್ಳೆಯತನ ಅವನಲ್ಲಿ ಎರಡೂ ಕಡೆ ಒಂದೇ ಪ್ರಮಾಣದಲ್ಲಿತ್ತು. ಗುಂಟೂರಿನಲ್ಲಿ ನ್ಯಾಯಪೀಠವಿತ್ತು, ಚೆನ್ನೈಯ ಠಾಣೆಯ ಆ ರಾತ್ರಿ ಇರಲಿಲ್ಲ.

ಕನ್ನಡದಲ್ಲಿ ಇದೇ ಪ್ರಶ್ನೆಯನ್ನು ಲಾಠಿಯಿಲ್ಲದೆಯೇ ಎತ್ತಿದ ಕೃತಿ ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕಥೆ'. 1973ರ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಈ ಕತೆಯನ್ನು ಗಿರೀಶ ಕಾಸರವಳ್ಳಿಯವರು ಚಿತ್ರವಾಗಿಸಿದರು. ತಬರನ ಪಾತ್ರಕ್ಕೆ ಚಾರುಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಜೀವಮಾನವೆಲ್ಲ ಸರ್ಕಾರವನ್ನು ನಂಬಿದ ಕೆಳದರ್ಜೆಯ ನೌಕರ ತಬರಶೆಟ್ಟಿ ನಿವೃತ್ತಿವೇತನಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ, ಮಧುಮೇಹದಿಂದ ಕಾಲು ಕೊಳೆತ ಹೆಂಡತಿ ಸಾಯುತ್ತಾಳೆ, ಅವನಿಗೆ ಬುದ್ಧಿಭ್ರಮಣೆಯಾಗುತ್ತದೆ. ಇಲ್ಲಿ ಅವನನ್ನು ಯಾರೂ ಹೊಡೆಯುವುದಿಲ್ಲ. ಯಾವ ಗುಮಾಸ್ತನೂ ರಾಕ್ಷಸನಲ್ಲ. ಪ್ರತಿಯೊಬ್ಬನೂ ಕಡತವನ್ನು ಮುಂದಿನ ಮೇಜಿಗೆ ತಳ್ಳುತ್ತಾನೆ, ಅಷ್ಟೆ. ಈ ಕತೆಯನ್ನು ಅಧಿಕಾರಶಾಹಿಯ ವಿಡಂಬನೆಯೆಂದು ಓದುವ ರೂಢಿ ಬೆಳೆದಿದೆ. ಆ ಓದಿನಲ್ಲಿ ಒಂದು ಅಂಶ ಹಿಂದೆ ಸರಿಯುತ್ತದೆ: ತಬರನೂ ಒಂದು ಕಾಲಕ್ಕೆ ಸರ್ಕಾರದ ಕೈಯೇ ಆಗಿದ್ದ. ತೆರಿಗೆ ವಸೂಲಿಗೆ ಹೋದಾಗ ತನ್ನ ಹಿಂದೆ ಸರ್ಕಾರವಿದೆಯೆಂಬ ಹೆಮ್ಮೆ ಅವನಿಗಿತ್ತು. ತನ್ನನ್ನು ಮುಂದೆ ಅರೆಯಲಿರುವ ಯಂತ್ರದ ಚಿಕ್ಕ ಹಲ್ಲಾಗಿದ್ದವನ ಕತೆಯಿದು ಎಂಬುದನ್ನು ಬಿಟ್ಟರೆ ಉಳಿಯುವುದು ಕನಿಕರ ಮಾತ್ರ.

ದೇವನೂರ ಮಹಾದೇವರ 'ಒಡಲಾಳ' ಇದರಿಂದ ಭಿನ್ನವಾದದ್ದು. ಸಾಹುಕಾರನ ಕಡಲೆಕಾಯಿ ಚೀಲವೊಂದು ಸಾಕವ್ವನ ಗುಡಿಸಲಿಗೆ ಬಂದು, ಹಸಿದ ಮನೆಮಂದಿಯೆಲ್ಲ ಒಂದು ರಾತ್ರಿಯಲ್ಲಿ ಅದನ್ನು ತಿಂದು ಮುಗಿಸುತ್ತಾರೆ. ಮರುದಿನ ಶೋಧಕ್ಕೆ ಬಂದ ಪೊಲೀಸರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಮಾಲು ಹೊಟ್ಟೆಯೊಳಗಿದೆ. ಪೊಲೀಸರ ಬಗ್ಗೆ ಭೀತಿ ಈ ಮನೆಯಲ್ಲಿಯೂ ಇದೆ, ಆದರೆ ಕಥನದ ಕಣ್ಣು ಭೀತಿಯ ವಶವಾಗಿಲ್ಲ. ಜಿಲ್ಲೆಯ ಡೆಪ್ಯುಟಿ ಕಮಿಷನರರ ಹುದ್ದೆಯ ಹೆಸರೇ ಆಡುಮಾತಿನಲ್ಲಿ ರೂಪ ಬದಲಿಸಿಕೊಂಡು ಒಬ್ಬ ಪುಟ್ಟ ಹುಡುಗನ ಅಡ್ಡಹೆಸರಾಗಿರುವುದನ್ನು ಓದುಗರು ನೆನೆಯಬಹುದು. ಗೋಡೆಯ ಮೇಲೆ ಬಿಡಿಸಿದ ನವಿಲು ಇರುವ ಗುಡಿಸಲಿಗೆ ನುಗ್ಗಿದ ಅಧಿಕಾರ ಅಲ್ಲಿ ತಾನೇ ಪೆಚ್ಚಾದಂತೆ ಕಾಣುತ್ತದೆ. ಇದನ್ನು ದಲಿತ ಚೈತನ್ಯದ ವಿಜಯವೆಂದು ಸುಲಭವಾಗಿ ಕರೆದುಬಿಡುವುದರಲ್ಲಿ ನಮಗೆ ಸಂಕೋಚವಿದೆ. ಪೊಲೀಸರು ಸಾಹುಕಾರನ ಮಾತಿಗೆ ಬಂದವರು. ಸಾಕವ್ವನ ಮಾತಿಗೆ ಬರುವವರಲ್ಲ. ಮಹಾದೇವರು ಅದನ್ನು ಎಲ್ಲಿಯೂ ಮುಚ್ಚಿಟ್ಟಿಲ್ಲ. ಯಾರ ದೂರನ್ನು ಠಾಣೆ ಕೇಳುತ್ತದೆ ಎಂಬುದು ಜಾತಿಯಿಂದ ನಿರ್ಧಾರವಾಗುವ ಸಮಾಜದಲ್ಲಿ 'ಸಾಮಾನ್ಯ ಮನುಷ್ಯನ ಕ್ರೌರ್ಯ' ಎಂಬ ಮಾತನ್ನೂ ಎಚ್ಚರದಿಂದಲೇ ಬಳಸಬೇಕಾಗುತ್ತದೆ.

ಮನಶ್ಶಾಸ್ತ್ರದ ಒಂದು ಪ್ರಸಿದ್ಧ ಪ್ರಯೋಗ ಈ ಚರ್ಚೆಯಲ್ಲಿ ಪದೇ ಪದೇ ಬರುತ್ತದೆ. 1971ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಜಿಂಬಾರ್ಡೊ ಅವರು ವಿದ್ಯಾರ್ಥಿಗಳನ್ನು ಕೈದಿ ಮತ್ತು ಕಾವಲುಗಾರರೆಂದು ವಿಂಗಡಿಸಿ ಕೃತಕ ಸೆರೆಮನೆಯೊಂದನ್ನು ನಡೆಸಿದರು. ಎರಡು ವಾರಗಳ ಪ್ರಯೋಗ ಕಾವಲುಗಾರರ ದೌರ್ಜನ್ಯದ ಕಾರಣ 6 ದಿನಗಳಲ್ಲಿಯೇ ನಿಂತಿತು. ಸಮವಸ್ತ್ರ ತೊಟ್ಟ ಯಾವನಾದರೂ ಕ್ರೂರಿಯಾಗುತ್ತಾನೆಂಬ ನಿರ್ಣಯಕ್ಕೆ ಇದನ್ನು ಆಧಾರವಾಗಿ ಬಹುಕಾಲ ಉದ್ಧರಿಸಲಾಯಿತು. ಆದರೆ ಕಾವಲುಗಾರರಿಗೆ ಕಠಿಣವಾಗಿರುವಂತೆ ಪ್ರಯೋಗದ ವ್ಯವಸ್ಥಾಪಕರೇ ಪ್ರೇರಣೆ ನೀಡಿದ್ದುದನ್ನು ಫ್ರೆಂಚ್ ಸಂಶೋಧಕ ತಿಬೋ ಲ ತೆಕ್ಸಿಯೆ ಅವರು ಮೂಲ ದಾಖಲೆಗಳಿಂದ 2018-19ರಲ್ಲಿ ಎತ್ತಿ ತೋರಿಸಿದರು. ಪ್ರಯೋಗ ನಿಂತದ್ದಾದರೂ ಹೊರಗಿನಿಂದ ಬಂದ ಕ್ರಿಸ್ಟಿನಾ ಮ್ಯಾಸ್ಲಾಕ್ ಎಂಬ ಯುವ ಸಂಶೋಧಕಿ ಇದೇನೆಂದು ಕೇಳಿದ ಮೇಲೆ. ಅಧಿಕಾರ ತಾನಾಗಿ ಕೆಡಿಸುತ್ತದೆ ಎಂಬುದಕ್ಕಿಂತ, ಮೇಲಿನವರ ಅಪ್ಪಣೆ ಮತ್ತು ಕೇಳುವವರ ಗೈರುಹಾಜರಿ ಕೂಡಿದಲ್ಲಿ ಹಿಂಸೆ ಒಂದು ಉದ್ಯೋಗವಾಗುತ್ತದೆ ಎಂದು ಹೇಳುವುದು ಈ ದಾಖಲೆಗಳಿಗೂ ಮೇಲಿನ ಕೃತಿಗಳಿಗೂ ಹೆಚ್ಚು ಹತ್ತಿರವಾದದ್ದು.

ಆಂಧ್ರ ಮತ್ತು ಕನ್ನಡ ಎರಡಕ್ಕೂ ಸೇರಿದ ಸಾಕ್ಷ್ಯವೊಂದು ಇದಕ್ಕೆ ಬಹು ಹಿಂದೆಯೇ ಇತ್ತು. 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯಾಗಿ ಅಭಿನಯಿಸಿದ ಸ್ನೇಹಲತಾ ರೆಡ್ಡಿ, ನೆಲ್ಲೂರಿನ ಮೂಲದ ತೆಲುಗು ಕವಿ, ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರ ಪತ್ನಿ, ತುರ್ತುಪರಿಸ್ಥಿತಿಯಲ್ಲಿ 1976ರ ಮೇ ತಿಂಗಳಿಂದ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿದ್ದರು. ತೀವ್ರ ಉಬ್ಬಸದಿಂದ ಬಳಲಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಅವರು ಇಂಗ್ಲಿಷಿನಲ್ಲಿ ಬರೆದ ಸೆರೆಮನೆಯ ದಿನಚರಿ ಆ ವರ್ಷವೇ ಪ್ರಕಟವಾಯಿತು. ಒಳಬರುವ ಹೆಂಗಸರನ್ನು ಎಲ್ಲರೆದುರು ಬೆತ್ತಲೆ ಮಾಡಿ ಶೋಧಿಸುವ, ಬಡಿಯುವ ಕಾವಲುಗಾರ್ತಿಯರು ಅಲ್ಲಿ ಬರುತ್ತಾರೆ; ಅವರು ಕೂಡ ಹೆಂಗಸರೇ, ಸಂಬಳಕ್ಕೆ ದುಡಿಯುವವರೇ. ಸ್ನೇಹಲತಾ ಪ್ರತಿಭಟಿಸಿದರು, ಉಪವಾಸ ಮಾಡಿದರು. ಬಡಿತ ನಿಂತಿತೆಂದು ದಾಖಲಿಸಿದರು. ಕಾವಲುಗಾರ್ತಿಯರ ಮನಸ್ಸು ಬದಲಾಯಿತೆಂದು ಇದರಿಂದ ತಿಳಿಯಬೇಕಾಗಿಲ್ಲ. ಓದುಬರಹ ಬಲ್ಲ, ಹೊರಗೆ ಹೆಸರಿದ್ದ ಒಬ್ಬಾಕೆ ನೋಡುತ್ತಿದ್ದಳು. ನೋಡುವವಳಿಗೆ ತನ್ನನ್ನು ಉಳಿಸಿಕೊಳ್ಳಲಾಗಲಿಲ್ಲ ಎಂಬುದೂ ಆ ದಿನಚರಿಯ ಭಾಗವೇ.

ಕೃತಿಗಳಿಂದ ದಾಖಲೆಗಳಿಗೆ ಬಂದರೆ ಇನ್ನೂ ಕಷ್ಟದ ಪಠ್ಯವೊಂದು ನಮ್ಮ ಗಡಿಯಲ್ಲಿಯೇ ಇದೆ. ವೀರಪ್ಪನ್ ಶೋಧದ ಹೆಸರಿನಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ವಿಶೇಷ ಕಾರ್ಯಪಡೆಗಳು ಗಡಿಯ ಹಳ್ಳಿಗಳಲ್ಲಿ ನಡೆಸಿದ ಹಿಂಸೆಯ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದ ಸಮಿತಿಯನ್ನು ರಚಿಸಿತು. ಸಮಿತಿ 2003ರಲ್ಲಿ ವರದಿ ಒಪ್ಪಿಸಿತು. 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಸೂಚಿಸಿತು. ಟಾಡಾ ಕಾಯಿದೆಯಡಿ ಮೈಸೂರಿನಲ್ಲಿ ಸೆರೆಯಲ್ಲಿದ್ದವರ ಪೈಕಿ ನೂರಕ್ಕೂ ಹೆಚ್ಚು ಮಂದಿ 2001ರಲ್ಲಿ ನಿರ್ದೋಷಿಗಳೆಂದು ಬಿಡುಗಡೆಯಾದರು. ಮಲೆ ಮಹದೇಶ್ವರ ಬೆಟ್ಟದಲ್ಲಿ ವಿದ್ಯುತ್ ಆಘಾತ ಮೊದಲಾದ ಚಿತ್ರಹಿಂಸೆ ನಡೆದ ತಾಣಕ್ಕೆ ಬಿದ್ದ ಹೆಸರು 'ವರ್ಕ್‌ಶಾಪ್'. ಆಟೋನಗರದ ಬೀದಿಯಲ್ಲಿ ನೂರು ಫಲಕಗಳ ಮೇಲೆ ಕಾಣುವ ಪದ. ಅಲ್ಲಿ ಮೇಸ್ತ್ರಿ ಕೆಲಸ ಕಲಿಸುತ್ತೇನೆಂದು ಹುಡುಗನಿಗೆ ಹೊಡೆಯುತ್ತಾನೆ. ಇಲ್ಲಿ ಸಿಪಾಯಿ ಕೆಲಸ ಮಾಡುತ್ತೇನೆಂದು ಹಳ್ಳಿಗನಿಗೆ ತಂತಿ ತಾಗಿಸುತ್ತಾನೆ. ಎರಡನ್ನೂ ಸಮನೆಂದು ನಾವು ಹೇಳುತ್ತಿಲ್ಲ. ಎರಡು ಕಡೆಯೂ ಕ್ರಿಯೆಗೆ ಹೆಸರು ಕೊಟ್ಟದ್ದು ಕಸಬು ಎಂಬುದನ್ನಷ್ಟೇ ಗುರುತಿಸುತ್ತಿದ್ದೇವೆ.

ಬಂಧನದ ಕಾಗದಕ್ಕೆ ಮನೆಯವನೋ ಊರಿನ ಗಣ್ಯನೋ ಒಬ್ಬ ಸಾಕ್ಷಿ ಸಹಿ ಹಾಕಬೇಕೆಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ವಿಧಿಸಿದಾಗ ಈ ಕೇಳುವವನನ್ನೇ ಠಾಣೆಯೊಳಗೆ ತರಲು ಯತ್ನಿಸಿತೆಂದು ಹೇಳಬಹುದು. ಆದರೆ ಗುಂಟೂರಿನಲ್ಲಿ ತಮಿಳನಿಗೆ, ವಿಜಯವಾಡದಲ್ಲಿ ಕನ್ನಡಿಗನಿಗೆ, ಬೆಂಗಳೂರಿನಲ್ಲಿ ಒಡಿಶಾದವನಿಗೆ ಆ ಸಾಕ್ಷಿ ಯಾರು? ಊರುಬಿಟ್ಟು ದುಡಿಯುವವನ ಮನೆಯವರು ಠಾಣೆಯ ಬಾಗಿಲಿಗೆ ಬರುವಷ್ಟರಲ್ಲಿ ಒಪ್ಪಿಗೆಯ ಹೇಳಿಕೆ ಅವನಿಗೆ ತಿಳಿಯದ ಭಾಷೆಯಲ್ಲಿ ಬರೆದಾಗಿರುತ್ತದೆ. ಹೊರನಾಡಿನ ಸಂಶೋಧಕರಿಗೆ ಈ ಪ್ರಶ್ನೆ ನಮಗಿಂತ ಚೆನ್ನಾಗಿ ಗೊತ್ತಿದೆ.

ಸದಾಶಿವ ಸಮಿತಿಯ ಮುಂದೆ ಮಾತಾಡಿದ ಹಳ್ಳಿಯವರ ನುಡಿ ಕನ್ನಡ ಮತ್ತು ತಮಿಳು, ಹಲವರಲ್ಲಿ ಎರಡೂ ಬೆರೆತದ್ದು. ವರದಿಯ ನುಡಿ ಇಂಗ್ಲಿಷ್. ಸಾಕವ್ವನ ಆಡುಮಾತಿನ ಬಿಗುವನ್ನು ಕುರಿತು ಪುಟಗಟ್ಟಲೆ ಬರೆದಿರುವ ನಮ್ಮ ವಿಮರ್ಶೆ, ಅದೇ ಸೀಮೆಯ ಹೆಂಗಸರು ನ್ಯಾಯಮೂರ್ತಿಯ ಮುಂದೆ ಹೇಳಿದ್ದನ್ನು ಅದೇ ಕಿವಿಯಿಂದ ಕೇಳುವ ಕೆಲಸ ಬಾಕಿಯಿದೆ. 'ಲಾಕಪ್' ಬರೆದವರು ವೃತ್ತಿಯಿಂದ ಸಾಹಿತಿಯಲ್ಲ, ಆಟೋ ಓಡಿಸುವವರು. ತಮಗೆ ಆದದ್ದನ್ನು ಕಾಗದಕ್ಕಿಳಿಸಿ ಪ್ರಕಟಿಸಲು ಅವರಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.