ಕಾಸಿಗೂ ಒಂದು ಊರಿದೆ

ನನ್ನ ಮೇಜಿನ ಮೇಲೆ ಟಿಪ್ಪು ಕಾಲದ ಎರಡು ತಾಮ್ರದ ಕಾಸುಗಳಿವೆ. ಒಂದರಲ್ಲಿ ಆನೆ ಈಗತಾನೇ ಕಮ್ಮಟದಿಂದ ಹೊರಬಂದಂತಿದೆ. ಸೊಂಡಿಲು, ದಂತ, ಬಾಲ, ಬೆನ್ನಿನ ಏರು ಎಲ್ಲವೂ ನಿಚ್ಚಳ. ತಿರುಗಿಸಿದರೆ ಪಾರಸಿ ಬರಹದ ಹೆಚ್ಚಿನ ಭಾಗ ಅಂಚಿನಾಚೆ ಜಾರಿಹೋಗಿದೆ. ‘ಜರಬ್’ ಎಂಬಷ್ಟು, ಅಂದರೆ ‘ಟಂಕಿಸಿದ್ದು’ ಎಂಬಷ್ಟು ಉಳಿದಿದೆ. ಎಲ್ಲಿ ಟಂಕಿಸಿದ್ದು ಎಂಬುದು ಬಿಲ್ಲೆಗೆ ಬಿದ್ದೇ ಇಲ್ಲ. ಇನ್ನೊಂದರಲ್ಲಿ ಆನೆಯ ತಲೆ ಸವೆದುಹೋಗಿ ಬೆನ್ನಿನ ಗೆರೆಯೊಂದೇ ಕಾಣುತ್ತದೆ. ಆದರೆ ಹಿಂಬದಿಯಲ್ಲಿ ‘ಫೈಜ್ ಹಿಸಾರ್’ ಎಂಬ ಎರಡು ಪದಗಳು ಬೆರಳಿಗೆ ತಾಕುವಂತೆ ಇವೆ. ಫೈಜ್ ಹಿಸಾರ್ ಎಂದರೆ ನಮ್ಮ ಗುತ್ತಿ ಕೋಟೆಗೆ ಟಿಪ್ಪು ಇಟ್ಟ ಹೆಸರು.

ಹಿಂದೂಪುರದಿಂದ ಬೆಂಗಳೂರಿನ ತನಕ ಯಾವ ವ್ಯಾಪಾರಿಯ ಮುಂದೆ ಇವೆರಡನ್ನು ಇಟ್ಟರೂ ಕೈ ಹೋಗುವುದು ಮೊದಲನೆಯದಕ್ಕೇ. ಸಂಗ್ರಾಹಕರು ಹೊಸಬರಿಗೆ ಕಲಿಸುವ ಮೊದಲ ಪಾಠವೂ ಅದೇ: ನೋಡಬೇಕಾದ್ದು ಕಂಡೀಷನ್, ಮತ್ತೆ ಕಂಡೀಷನ್, ಆಮೇಲೆ ಅಪರೂಪವೇ ಎಂದು ಕೇಳು, ಕಡೆಗೆ ಎಷ್ಟು ಹಳೆಯದು ಎಂದು ಕೇಳು. ನಾನೂ ಬಹಳ ವರ್ಷ ಈ ಪಾಠವನ್ನು ನಂಬಿದ್ದೆ. ಈಗ ನಂಬುವುದಿಲ್ಲ. ನಮ್ಮ ಸೀಮೆಯ ನಾಣ್ಯಗಳ ಮಟ್ಟಿಗೆ ಈ ಲೆಕ್ಕ ತಲೆಕೆಳಗಾಗಿದೆ. ನಾಣ್ಯ ತನ್ನ ಬಗ್ಗೆ ಇನ್ನೂ ಎಷ್ಟು ಹೇಳಬಲ್ಲದು ಎಂಬುದು ಅದರ ಮೊದಲ ಗುಣ. ಅದರಲ್ಲೂ ಎಲ್ಲಿ ಸಿಕ್ಕಿತು ಎಂಬ ಮಾತು ಒಮ್ಮೆ ಕಳೆದುಹೋದರೆ ಎಷ್ಟು ದುಡ್ಡು ಸುರಿದರೂ ವಾಪಸು ಬರುವುದಿಲ್ಲ.

ಕಂಡೀಷನ್ನಿಗೆ ಅಂಕ ಕೊಡುವ ಪದ್ಧತಿ ಎಲ್ಲಿಂದ ಬಂತು ಎಂದು ನೋಡೋಣ. 1949ರಲ್ಲಿ ಅಮೆರಿಕದ ವಿಲಿಯಂ ಶೆಲ್ಡನ್ ಎಂಬವರು ತಮ್ಮ ದೇಶದ ಹಳೆಯ ಒಂದು ಸೆಂಟಿನ ತಾಮ್ರದ ನಾಣ್ಯಗಳಿಗಾಗಿ 1ರಿಂದ 70ರವರೆಗಿನ ಅಳತೆಗೋಲು ಮಾಡಿದರು. ತೀರ ಸವಕಲು ನಾಣ್ಯಕ್ಕೆ ಒಂದು ಪಾಲು ಬೆಲೆಯಾದರೆ, ಕುಂದಿಲ್ಲದ್ದಕ್ಕೆ ಎಪ್ಪತ್ತು ಪಾಲು ಎಂಬುದು ಅದರ ಮೂಲ ಲೆಕ್ಕ. ಅಂದರೆ ಒಂದು ದೇಶದ ಒಂದು ಜಾತಿಯ ಕಾಸಿಗೆ ಬೆಲೆ ಕಟ್ಟಲು ಹುಟ್ಟಿದ ಗೋಲು ಅದು. 1980ರ ದಶಕದಲ್ಲಿ ನಾಣ್ಯವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಅಂಕದ ಚೀಟಿ ಅಂಟಿಸಿಕೊಡುವ ಕಂಪನಿಗಳು ಅಲ್ಲಿ ಶುರುವಾದವು. ಅದೇ ಗೋಲು ಈಗ ಗುತ್ತಿಯ ಕಾಸನ್ನೂ ಅಳೆಯುತ್ತಿದೆ. ಭತ್ತ ಅಳೆಯುವ ಸೇರಿನಿಂದ ಹೊಲದ ಅಗಲ ಅಳೆಯಲಾಗುತ್ತದೆಯೇ?

ನಮ್ಮ ಕಾಸುಗಳು ಯಂತ್ರದಿಂದ ಬಂದವಲ್ಲ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಬಿಲ್ಲೆ, ಮೇಲಿಂದ ಸುತ್ತಿಗೆಯ ಏಟು. ಅಚ್ಚು ಎಷ್ಟೋ ಸಲ ಬಿಲ್ಲೆಗಿಂತ ದೊಡ್ಡದು. ಹಾಗಾಗಿ ಬರಹದ ಒಂದು ತುಂಡು ಮಾತ್ರ ಬಿಲ್ಲೆಗೆ ಬೀಳುತ್ತದೆ. ಏಟು ಓರೆಯಾದರೆ ಒಂದು ಬದಿ ಹುಟ್ಟಿನಿಂದಲೇ ಮಾಸಲು. ಸವೆತಕ್ಕೂ ಏಟಿನ ಕೊರತೆಗೂ ವ್ಯತ್ಯಾಸ ತಿಳಿಯಲು ಪಳಗಿದ ಕಣ್ಣು ಬೇಕು. ಅಂಕದ ಚೀಟಿಯಲ್ಲಿ ಅವೆರಡೂ ಒಂದೇ ಸಂಖ್ಯೆಯೊಳಗೆ ಕಲಸಿಹೋಗುತ್ತವೆ. ಇಂಥ ನಾಣ್ಯದಲ್ಲಿ ಯಾವ ಅಕ್ಷರ ಉಳಿಯಿತು ಎಂಬುದು ಎಷ್ಟು ಉಳಿಯಿತು ಎಂಬುದಕ್ಕಿಂತ ದೊಡ್ಡದು.

ಟಿಪ್ಪುವಿನ ತಾಮ್ರದ ಕಾಸುಗಳಿಗೆ ಆಕಾಶದ ಹೆಸರುಗಳಿದ್ದವು. ಪೈಸೆಗೆ ಜೋಹ್ರಾ ಎಂದರೆ ಶುಕ್ರ, ಅರ್ಧ ಪೈಸೆಗೆ ಬಹ್ರಾಂ ಎಂದರೆ ಮಂಗಳ, ಕಾಲು ಪೈಸೆಗೆ ಅಖ್ತರ್ ಎಂದರೆ ನಕ್ಷತ್ರ, ಅರೆಕಾಲಿಗೆ ಕುತ್ಬ್ ಎಂದರೆ ಧ್ರುವ. 1787ರ ಸುಮಾರಿಗೆ ಅವನು ಹಿಜರಿ ಶಕ ಬಿಟ್ಟು ಮೌಲೂದಿ ಶಕ ಹಿಡಿದ. ನಾಣ್ಯದ ಮೇಲೆ 1201ರ ಬೆನ್ನಿಗೇ 1215 ಬಂತು, ಅಂಕಿಗಳೂ ಬಲದಿಂದ ಎಡಕ್ಕೆ ತಿರುಗಿದವು. ಇದನ್ನು ಓದಲು ಕಲಿತವನಿಗೆ ಸವಕಲು ಕಾಸೊಂದರ ಮೇಲೆ ಉಳಿದ ಎರಡೇ ಅಂಕಿಗಳೂ ಒಂದು ರಾಜ್ಯ ತನ್ನ ಕಾಲಗಣನೆ ಬದಲಿಸಿದ ಹೊತ್ತನ್ನು ತೋರಿಸುತ್ತವೆ. ಊರಿನ ಹೆಸರಂತೂ ಇನ್ನೂ ಮುಖ್ಯ. ಟಿಪ್ಪುವಿನ ಕಮ್ಮಟಗಳು ಪಟ್ಟಣದಲ್ಲಿ, ಅಂದರೆ ಶ್ರೀರಂಗಪಟ್ಟಣದಲ್ಲಿ, ಮತ್ತು ನಗರದಲ್ಲಿ, ಅಂದರೆ ಬಿದನೂರಿನಲ್ಲಿ, ಮಾತ್ರ ಇರಲಿಲ್ಲ. ಚಿತ್ರದುರ್ಗ ಫರ್ರುಖ್‌ಯಾಬ್ ಹಿಸಾರ್ ಆಗಿತ್ತು, ಗುರ್ರಂಕೊಂಡ ಜಫರಾಬಾದ್ ಆಗಿತ್ತು, ಗುತ್ತಿ ಫೈಜ್ ಹಿಸಾರ್ ಆಗಿತ್ತು. ಭೂಪಟ ತೆಗೆದು ಈ ಮೂರಕ್ಕೂ ಚುಕ್ಕೆ ಇಡಿ. ನಡುವೆಯೋ ಅಂಚಿಗೋ ಬೀಳುವುದು ಕಲ್ಯಾಣದುರ್ಗ, ಹಿಂದೂಪುರ, ಮಡಕಶಿರಾ. ಇಲ್ಲಿಯ ಸಂತೆಯಲ್ಲಿ ಯಾವ ಕೋಟೆಯ ಕಾಸು ಓಡುತ್ತಿತ್ತು, ವ್ಯಾಪಾರದ ಬಂಡಿ ಯಾವ ಕಡೆ ಹೋಗಿ ಬರುತ್ತಿತ್ತು ಎಂಬುದಕ್ಕೆ ಉತ್ತರ ಹೊಲಗಳಲ್ಲಿ ಸಿಗುವ ಇಂಥ ಕಾಸುಗಳಲ್ಲೇ ಇರಬೇಕು. ಆದರೆ ಆ ಉತ್ತರಕ್ಕೆ ಎರಡು ಮಾತು ಬೇಕು: ಎಲ್ಲಿ ಅಚ್ಚಾಯಿತು, ಎಲ್ಲಿ ಸಿಕ್ಕಿತು. ಮೊದಲನೆಯದನ್ನು ಕಾಸು ಹೇಳುತ್ತದೆ. ಎರಡನೆಯದನ್ನು ಮನುಷ್ಯನೇ ಹೇಳಬೇಕು.

ನನ್ನ ಎರಡನೆಯ ಕಾಸು ಕಲ್ಯಾಣದುರ್ಗದ ಕಡೆಯದು. ನಮ್ಮ ಸೋದರಮಾವ ಕಡಲೆಕಾಯಿ ಕೀಳುವಾಗ ಬೇರಿನ ಮಣ್ಣಿನ ಜೊತೆ ಬಂದದ್ದನ್ನು ಪಂಚೆಯ ಅಂಚಿನಲ್ಲಿ ಗಂಟು ಹಾಕಿಕೊಂಡು ತಂದು, ‘ಅಳಿಯಂಗೆ ಇರ್ಲಿ’ ಎಂದು ಅಮ್ಮನ ಕೈಗೆ ಕೊಟ್ಟಿದ್ದರು. ಆಗ ಅದು ಹಸಿರು ಮುಚ್ಚಿಕೊಂಡ ಕಲ್ಲಿನ ಚೂರಿನಂತಿತ್ತು. ಹಿಂದೂಪುರದ ಮನೆಗಳಲ್ಲಿ ಹುಣಸೆಹಣ್ಣಿಗೆ ಬರವಿಲ್ಲ. ನಮ್ಮೂರಿನ ಮಂಡಿಯೇ ಹುಣಸೆಗೆ ಹೆಸರುವಾಸಿ. ತಾಮ್ರದ ಬಿಂದಿಗೆ ತೊಳೆದಂತೆ ನಾನು ಅದನ್ನು ಹುಳಿ ಮತ್ತು ಉಪ್ಪು ಹಾಕಿ ಉಜ್ಜಿದೆ. ಹಸಿರು ಕರಗಿ ಕೆಂಪಗೆ ಹೊಳೆಯಿತು. ಮನೆಯವರೆಲ್ಲ ಮೆಚ್ಚಿದರು. ಈಗ ಭೂತಗನ್ನಡಿ ಹಿಡಿದರೆ ಮೈತುಂಬ ಸಣ್ಣ ಗುಳಿಗಳು. ಅಕ್ಷರದ ಏಣು ಮೊಂಡಾಗಿದೆ. ಆನೆಯ ತಲೆ ಹೋದದ್ದರಲ್ಲಿ ಸಂತೆಯ ಕೈಗಳ ಪಾಲೆಷ್ಟು, ನನ್ನ ಕೈಯ ಪಾಲೆಷ್ಟು ಎಂದು ಹೇಳಲಾರೆ.

ಆ ಹಸಿರನ್ನು ಕಿಲುಬು ಎಂದು ಕರೆದು ಕೊಳೆಯ ಲೆಕ್ಕಕ್ಕೆ ಸೇರಿಸುತ್ತೇವೆ. ಗಟ್ಟಿಯಾಗಿ ಕೂತ ಕಿಲುಬು ಕೊಳೆಯಲ್ಲ. ಮಣ್ಣಿನ ತೇವ, ಉಪ್ಪು, ಗಾಳಿ ಎಲ್ಲ ಸೇರಿ ತಾಮ್ರದ ಮೇಲೆಯೇ ಬೆಳೆದ ಪದರ ಅದು. ಎಷ್ಟೋ ಸಲ ಅಕ್ಷರದ ನಿಜವಾದ ರೇಖೆ ಆ ಪದರದಲ್ಲೇ ಉಳಿದಿರುತ್ತದೆ. ಪದರ ಕರಗಿದರೆ ರೇಖೆಯೂ ಕರಗುತ್ತದೆ. ಪುಡಿಪುಡಿಯಾಗಿ ಉದುರುವ ತಿಳಿಹಸಿರು ಮಾತ್ರ ಬೇರೆ, ಅದು ರೋಗ, ಅದಕ್ಕೆ ಬಲ್ಲವರ ಚಿಕಿತ್ಸೆ ಬೇಕು. ಮೆರುಗನ್ನೇ ಗುಣವೆಂದು ನಂಬಿದ ಮಾರುಕಟ್ಟೆ ತೊಳೆಯುವವನಿಗೆ ಬಹುಮಾನ ಕೊಡುತ್ತದೆ. ಜೊತೆಗೆ ಖೋಟಾ ನಾಣ್ಯದವನಿಗೂ ಕೊಡುತ್ತದೆ. ಎರಕ ಹೊಯ್ದ ನಕಲಿ ಆನೆ ಕಾಸಿಗೆ ಸವೆತವೇ ಇರುವುದಿಲ್ಲ. ಅದರ ಮೈ ಸೋಪಿನಂತೆ ನುಣುಪು, ಅಂಚಿನಲ್ಲಿ ಬೆಸುಗೆಯ ಗೆರೆ, ತೂಕದಲ್ಲಿ ವ್ಯತ್ಯಾಸ. ಕಂಡೀಷನ್ ಕಂಡು ಮರುಳಾದವನು ಅಂಚು ನೋಡುವ ಮೊದಲೇ ಜೇಬಿಗೆ ಕೈ ಹಾಕಿರುತ್ತಾನೆ.

ಊರಿನ ಮಾತಿಗೆ ಬರೋಣ. ಹಿಂದೂಪುರದಿಂದ ಉತ್ತರಕ್ಕೆ ಹೋದರೆ ಪೆನುಕೊಂಡ. 1565ರ ಯುದ್ಧದಲ್ಲಿ ಸೋತ ಮೇಲೆ ತಿರುಮಲರಾಯ ಹಂಪಿ ಬಿಟ್ಟು ಬಂದು ನೆಲೆಯೂರಿದ ಜಾಗ. ಅವನ ವರಹದ ಮೇಲೆ ಕೂತ ರಾಮ, ಪಕ್ಕದಲ್ಲಿ ಸೀತೆ, ನಿಂತ ಲಕ್ಷ್ಮಣ. ಒಂದು ಗುಂಡಿಯಷ್ಟು ಅಗಲದ ಚಿನ್ನದಲ್ಲಿ ಇಡೀ ಪಟ್ಟಾಭಿಷೇಕ. ಕೃಷ್ಣದೇವರಾಯನ ಬಾಲಕೃಷ್ಣ, ಅಚ್ಯುತರಾಯನ ಆನೆ ಹಿಡಿದ ಗಂಡಭೇರುಂಡ, ಇವೆಲ್ಲ ಸುಮಾರು 3.4 ಗ್ರಾಂ ತೂಗುವ ವರಹದಲ್ಲೋ ಅದರರ್ಧ ತೂಕದ ನಾಣ್ಯದಲ್ಲೋ ಮೂಡಿವೆ. ಇವುಗಳ ಮೇಲೆ ರಾಜನ ಹೆಸರಿದೆ. ಬಹುತೇಕ ಕಮ್ಮಟದ ಹೆಸರಿಲ್ಲ, ಇಸವಿಯೂ ಇಲ್ಲ. ಅಚ್ಯುತನ ಗಂಡಭೇರುಂಡ ಲೇಪಾಕ್ಷಿಯ ಹತ್ತಿರ ಸಿಕ್ಕಿತೋ ತಂಜಾವೂರಿನ ಹತ್ತಿರ ಸಿಕ್ಕಿತೋ ಎಂಬುದನ್ನು ಅದು ತಾನಾಗಿ ಹೇಳಲಾರದು. ಒಂಟಿಯಾಗಿ ಸಿಕ್ಕಿತೋ, ಮಡಕೆಯಲ್ಲಿ ಬೇರೆ ರಾಜರ ನಾಣ್ಯಗಳ ಜೊತೆಯಲ್ಲಿತ್ತೋ? ಮಡಕೆಯಲ್ಲಿದ್ದರೆ ಅದರೊಳಗಿನ ಅತಿ ಹೊಸ ನಾಣ್ಯವೇ ಮಡಕೆ ಹೂತ ಕಾಲವನ್ನು ತೋರಿಸುತ್ತದೆ. ಆ ಮಡಕೆಯ ನಾಣ್ಯಗಳನ್ನು ಬೇರೆಬೇರೆ ಮಾಡಿ, ಚೆಂದದ್ದನ್ನು ಒಂದು ಕಡೆ, ಸವಕಲನ್ನು ಕುಲುಮೆಗೆ ಎಂದು ವಿಂಗಡಿಸಿದ ದಿನ ಆ ಲೆಕ್ಕ ಮುಗಿಯಿತು. ಪ್ರತಿ ನಾಣ್ಯಕ್ಕೂ ಡಬ್ಬಿಯೊಳಗೆ ಒಳ್ಳೆಯ ಅಂಕ ಸಿಗಬಹುದು. ಮಡಕೆ ಮಾತ್ರ ಸಿಗುವುದಿಲ್ಲ.

ಇದಕ್ಕೆ ನಮ್ಮ ಪಕ್ಕದಲ್ಲೇ ದೊಡ್ಡ ಸಾಕ್ಷಿಯಿದೆ. ರೋಮಿನ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿಯ ದಿನೇರಿಯಸ್ ಅಪರೂಪದ್ದಲ್ಲ. ಜಗತ್ತಿನ ನಾಣ್ಯಪೇಟೆಯಲ್ಲಿ ಯಾವಾಗ ಕೇಳಿದರೂ ಸಿಗುವ ರೋಮನ್ ನಾಣ್ಯಗಳಲ್ಲಿ ಅದೂ ಒಂದು. ಅಂಥದ್ದೇ ಒಂದು ನಾಣ್ಯ ಚಿತ್ರದುರ್ಗದ ಬೆಟ್ಟದ ಬುಡದ ಚಂದ್ರವಳ್ಳಿಯ ಉತ್ಖನನದಲ್ಲಿ ಸಿಕ್ಕಿತು. ಅಲ್ಲಿ ಮೊದಲು ಮೈಸೂರಿನ ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಅಗೆದಿದ್ದರು, 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ಜೊತೆಗೆ ಚಂದ್ರವಳ್ಳಿಯನ್ನೂ ಅಗೆಸಿದರು. ಶಾತವಾಹನರ ನಾಣ್ಯಗಳು, ಅವರ ಕಾಲದ ಮಡಕೆ ಚೂರುಗಳು ಇದ್ದ ಪದರದ ನಂಟಿನಿಂದ ಆ ದಿನೇರಿಯಸ್ ಕ್ರಿಸ್ತಶಕದ ಮೊದಲ ಶತಮಾನಕ್ಕೆ ಹೊಡೆದ ಗೂಟವಾಯಿತು. ತೇದಿಯಿಲ್ಲದ ಇಡೀ ಒಂದು ಊರಿನ ಬದುಕನ್ನು ಅದಕ್ಕೆ ಕಟ್ಟಿ ನಿಲ್ಲಿಸಲು ಸಾಧ್ಯವಾಯಿತು. ಅದಕ್ಕಿಂತ ಎಷ್ಟೋ ಚೆನ್ನಾಗಿ ಉಳಿದ ಟೈಬೀರಿಯಸ್‌ಗಳು ಶ್ರೀಮಂತರ ಕಪಾಟಿನಲ್ಲಿವೆ. ಅವು ಯಾವ ಊರಿನ ಕಾಲವನ್ನೂ ಹೇಳುವುದಿಲ್ಲ. ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ ನನಗೆ ಯೋಚಿಸಬೇಕೆನಿಸುವುದಿಲ್ಲ.

ಹಳತನ ಮತ್ತು ಅಪರೂಪದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಶಾತವಾಹನರ ಸೀಸದ ಕಾಸು ಸಾವಿರದ ಎಂಟುನೂರು ವರ್ಷ ಹಳೆಯದು. ಅದರ ಬೆಲೆ ಆರನೆಯ ಜಾರ್ಜ್‌ನ 1939ರ ಬೆಳ್ಳಿ ರೂಪಾಯಿಯ ಹತ್ತಿರಕ್ಕೂ ಬರುವುದಿಲ್ಲ. ಅಪರೂಪವೆಂಬುದು ಇವತ್ತಿನ ಲೆಕ್ಕ, ನಾಳೆ ಯಾರದೋ ಗುದ್ದಲಿಗೆ ಮಡಕೆಯೊಂದು ತಾಗಿದರೆ ಮುಗಿಯಿತು. ಆದರೆ ಈ ಎರಡು ನಂಬಿಕೆಗಳಿಂದ ನಮ್ಮ ಕಡೆ ಆಗಿರುವ ಅನಾಹುತ ಸಣ್ಣದಲ್ಲ. ಅಕ್ಕಿಯನ್ನು ಎಳೆಯುತ್ತದೆ ಎಂದು ನಂಬಿಸಿ ‘ರೈಸ್ ಪುಲ್ಲಿಂಗ್’ ನಾಣ್ಯ ಮಾರುವವರು ಆಂಧ್ರ-ಕರ್ನಾಟಕ ಗಡಿಯ ಎರಡೂ ಕಡೆ ರೈತರ ಹಣ ನುಂಗಿದ್ದಾರೆ. ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದು ಕೆತ್ತಿ ರಾಮದರ್ಬಾರೋ ಹನುಮಂತನೋ ಇರುವ ಬಿಲ್ಲೆಗಳನ್ನು ಎಷ್ಟೋ ಮನೆಯವರು ದೇವರ ಗೂಡಿನಿಂದ ತೆಗೆದು ತೋರಿಸುತ್ತಾರೆ. ಕಂಪನಿ ಅಂಥ ನಾಣ್ಯವನ್ನು ಎಂದೂ ಹೊರಡಿಸಿಲ್ಲ ಎಂದು ಹೇಳುವಾಗ ಅವರ ಮುಖ ನೋಡಲಾಗುವುದಿಲ್ಲ. ವೈಷ್ಣೋದೇವಿಯ ಚಿತ್ರದ ಐದು, ಹತ್ತು ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆಯೆಂಬ ಸುದ್ದಿಯೂ ಇದೇ ಜಾತಿಯದು. ತನ್ನ ಹೆಸರು ಹೇಳಿಕೊಂಡು ಹಳೆಯ ನೋಟು, ನಾಣ್ಯದ ವ್ಯವಹಾರಕ್ಕೆ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಬೇಕಾಯಿತು.

ಕಂಡೀಷನ್ ಏನೂ ಅಲ್ಲ ಎಂದು ನಾನು ಹೇಳುತ್ತಿಲ್ಲ. 1835ರಿಂದ ಕಂಪನಿ ಒಂದೇ ಮಾದರಿಯ ರೂಪಾಯಿಯನ್ನು ಯಂತ್ರದಲ್ಲಿ ಅಚ್ಚು ಹಾಕಿತು. ಲಕ್ಷಾಂತರ ರೂಪಾಯಿಗಳ ಮೇಲೆ ಒಂದೇ ಬರಹ, ಒಂದೇ ತೂಕ. ಅಲ್ಲಿ ಒಂದನ್ನು ಇನ್ನೊಂದರಿಂದ ಬೇರೆ ಮಾಡುವುದು ಕಂಡೀಷನ್ನೇ, ಅದಕ್ಕೆ ಅಂಕ ಕೊಡುವುದೂ ನ್ಯಾಯವೇ. ಸುತ್ತಿಗೆಯ ನಾಣ್ಯದಲ್ಲೂ ಚೆನ್ನಾಗಿ ಉಳಿದ ಕಾಸಿನಲ್ಲಿ ಅಕ್ಷರ ಹೆಚ್ಚು ಉಳಿದಿರುತ್ತದೆ. ಅಷ್ಟರಮಟ್ಟಿಗೆ ಕಂಡೀಷನ್ ಓದಿಗೆ ಊಳಿಗ ಮಾಡುತ್ತದೆ. ನನ್ನ ಜಗಳ ಊಳಿಗದವನನ್ನು ಯಜಮಾನನ ಜಾಗದಲ್ಲಿ ಕೂರಿಸುವುದರ ಬಗ್ಗೆ. ಕಾಸಿನ ಸರಕ್ಕೆ ಕೊಂಡಿ ಹಾಕಿದ ಗುರುತು, ಚಿನಿವಾರ ಒಳಗೆ ತಾಮ್ರವಿದೆಯೇ ಎಂದು ನೋಡಲು ಒತ್ತಿದ ಸಣ್ಣ ಮುದ್ರೆ, ಇವನ್ನೆಲ್ಲ ಒಂದೇ ಮಾತಿನಲ್ಲಿ ಕುಂದು ಎಂದು ಬರೆದುಬಿಡುತ್ತೇವೆ. ಯಾರೋ ಒಬ್ಬಳು ಕೊರಳಲ್ಲಿ ಧರಿಸಿದ್ದು, ಯಾರೋ ಒಬ್ಬ ನಂಬದೆ ಪರೀಕ್ಷಿಸಿದ್ದು ಆ ನಾಣ್ಯದ ಬದುಕೇ ಅಲ್ಲವೇ?

ಬೇಸರದ ಸಂಗತಿಯೆಂದರೆ, ನಮ್ಮ ಪೇಟೆ ಕೇಳದ ಪ್ರಶ್ನೆಯನ್ನು ಕಾನೂನು ಯಾವತ್ತೋ ಕೇಳಿದೆ. 1878ರ ನಿಧಿ ಕಾಯಿದೆಯ ಪ್ರಕಾರ ನೆಲದಲ್ಲಿ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕವನು ಕಲೆಕ್ಟರಿಗೆ ಬರೆದು ತಿಳಿಸಬೇಕು: ಏನು, ಎಷ್ಟು, ಯಾವ ಜಾಗದಲ್ಲಿ, ಯಾವ ದಿನ. ಈ ನಾಲ್ಕರಲ್ಲಿ ‘ಹೊಳೆಯುತ್ತದೆಯೇ’ ಎಂಬುದು ಇಲ್ಲ. ಜನ ಕಾಯಿದೆಗೆ ಹೆದರಿ ಬಾಯಿ ಬಿಡುವುದಿಲ್ಲ, ಕೊಳ್ಳುವವನು ಕೇಳಿದರೆ ವ್ಯಾಪಾರ ಕೆಡುತ್ತದೆಂದು ಕೇಳುವುದಿಲ್ಲ. ಒಮ್ಮೆ ಹೀಗೆ ಕಾಸು ತಂದ ದಲ್ಲಾಳಿಯೊಬ್ಬನನ್ನು ಎಲ್ಲಿಯದು ಎಂದು ಕೇಳಿದೆ. ‘ಕಾಸಿಗೆ ಊರು ಯಾಕಣ್ಣಾ, ಆನೆ ಐತೋ ಇಲ್ವೋ ನೋಡು’ ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹಾಗೆ ಕಲಿಸಿದ್ದು ನಮ್ಮಂಥ ಕೊಳ್ಳುವವರು.

ಮೊದಲ ಮಳೆ ಬಿದ್ದ ಮೇಲೆ ವಜ್ರಕರೂರಿನ ಹೊಲಗಳಲ್ಲಿ ಜನ ತಲೆ ಬಗ್ಗಿಸಿ ವಜ್ರ ಹುಡುಕುವುದು ನಮ್ಮ ಸೀಮೆಯವರಿಗೆ ಗೊತ್ತಿರುವ ನೋಟ. ಅದೇ ಮಳೆಗೆ ಹಳೆಯ ಊರದಿಬ್ಬಗಳಲ್ಲಿ ಕಾಸುಗಳೂ ಮೇಲೆ ಬರುತ್ತವೆ. ಅಂಥದ್ದು ಕೈಗೆ ಬಂದ ಹುಡುಗರಿಗೆ ನಾನು ಹೇಳುವುದು ಇಷ್ಟು: ತೊಳೀಬೇಡ, ಉಜ್ಜಬೇಡ, ಮೊದಲು ಒಂದು ಚೀಟಿ ಬರೆ. ಊರು, ಹೊಲ, ದಿಕ್ಕು, ತಾರೀಖು, ಜೊತೆಯಲ್ಲಿ ಮಡಕೆ ಚೂರೇನಾದರೂ ಇತ್ತೇ. ಆಮೇಲೆ ತಿಳಿದವರಿಗೆ ತೋರಿಸು, ತಿಳಿಸಬೇಕಾದವರಿಗೆ ತಿಳಿಸು.

ನನ್ನ ಫೈಜ್ ಹಿಸಾರ್ ಕಾಸಿಗೂ ಒಂದು ಕಾಗದದ ಲಕೋಟೆ ಮಾಡಿದ್ದೇನೆ. ಮೇಲೆ ‘ಗುತ್ತಿ ಕಮ್ಮಟ, ಕಲ್ಯಾಣದುರ್ಗದ ಕಡೆ, ಮಾವನ ಹೊಲ’ ಎಂದು ಬರೆದೆ. ಮಾವನಿಗೆ ಮೂರು ಹೊಲಗಳಿದ್ದವು: ಒಂದು ಕೆರೆಯ ಹಿಂದೆ, ಒಂದು ಗುಡ್ಡದ ಮಗ್ಗುಲಲ್ಲಿ, ಇನ್ನೊಂದು ಹಳೆಯ ಊರು ಇದ್ದ ಪಾಳುದಿಬ್ಬದ ಅಂಚಿಗೆ. ಯಾವುದೆಂದು ಕೇಳೋಣವೆಂದರೆ ಅವರಿಲ್ಲ. ಅವರಿದ್ದಾಗ ನಾನು ಆನೆಯನ್ನು ಹೊಳೆಯಿಸುವುದರಲ್ಲಿದ್ದೆ.