ಸತ್ತವನು ಬಾಯಿ ಬಿಟ್ಟರೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುವವರಿಗೆ ಐದನೇ ಲೆವೆಲ್ ಒಂದು ಗಂಡಾಂತರ. ಅಲ್ಲಿಯವರೆಗೆ ನಾಲ್ಕು ಗಾಬ್ಲಿನ್‌ಗಳನ್ನು ಕಂಡರೆ ಓಡುತ್ತಿದ್ದ ವಿಝರ್ಡ್‌ಗೆ ಫೈರ್‌ಬಾಲ್ ಸಿಗುತ್ತದೆ. ಬೆಂಕಿಯುಂಡೆ ಬಿದ್ದ ಜಾಗದಿಂದ ಸುತ್ತ 20 ಅಡಿಯೊಳಗೆ ಇದ್ದವರ ಮೇಲೆಲ್ಲ ಎಂಟು ಡೈಸ್‌ಗಳಷ್ಟು ಪೆಟ್ಟು. ಹೊಸದಾಗಿ ಡಂಜನ್ ಮಾಸ್ಟರ್ ಆದವರು ಇದಕ್ಕೇ ಹೆದರುತ್ತಾರೆ. ಹೆದರಬೇಕಾದದ್ದು ಇದಕ್ಕಲ್ಲ. ಶತ್ರುಗಳನ್ನು ಚದುರಿಸಿ ನಿಲ್ಲಿಸಿದರೆ ಫೈರ್‌ಬಾಲ್‌ನ ಅರ್ಧ ಬಲ ಹೋಯಿತು. ಕಥೆಯ ಬುಡಕ್ಕೇ ಕೈ ಹಾಕುವ ಸ್ಪೆಲ್ ಅದೇ ಲೆವೆಲ್‌ನಲ್ಲಿ ಸದ್ದಿಲ್ಲದೆ ಕ್ಲೆರಿಕ್‌ಗೆ ಸಿಕ್ಕಿರುತ್ತದೆ: ಸ್ಪೀಕ್ ವಿತ್ ಡೆಡ್.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಈ ಆಟದಲ್ಲಿ ಒಬ್ಬರು, ಅಂದರೆ ಡಂಜನ್ ಮಾಸ್ಟರ್ (ಡಿಎಂ), ಲೋಕವನ್ನು ಕಟ್ಟಿ ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ. ಈಗ ಒಂದು ಊರು. ಧಾನ್ಯದ ವ್ಯಾಪಾರಿಯ ಕೊಲೆಯಾಗಿದೆ. ಡಿಎಂ ಕೂತು ಸುಳಿವುಗಳನ್ನು ಹೆಣೆದಿದ್ದಾರೆ: ಮುರಿದ ಬೀಗ, ಸುಳ್ಳು ಹೇಳುವ ಆಳು, ಅರ್ಧ ಸುಟ್ಟ ಪತ್ರ. ಕ್ಲೆರಿಕ್ ಆಡುವ ಹುಡುಗಿ ಇವನ್ನೆಲ್ಲ ಕಣ್ಣೆತ್ತಿಯೂ ನೋಡದೆ ಹೆಣದ ಪಕ್ಕ ಕೂತು, “ನಿನ್ನನ್ನು ಕೊಂದದ್ದು ಯಾರು?” ಎನ್ನುತ್ತಾಳೆ. ಐದು ಪ್ರಶ್ನೆಗೆ ಅವಕಾಶವಿದೆ. ಅವಳಿಗೆ ಒಂದೇ ಸಾಕು.

ಇಂಥ ಹೊತ್ತಿನಲ್ಲಿ ಸುಲಭವಾಗಿ ಹೊಳೆಯುವುದು ಅಡ್ಡದಾರಿ. ಹೆಣಕ್ಕೆ ಬಾಯಿ ಇದ್ದರೆ ಮಾತ್ರ ಸ್ಪೆಲ್ ನಡೆಯುತ್ತದೆ ಎಂಬ ನಿಯಮವಿದೆಯಲ್ಲ, ಕೊಲೆಗಾರ ದವಡೆಯನ್ನೇ ಕಿತ್ತುಕೊಂಡು ಹೋಗಿದ್ದಾನೆ ಎಂದುಬಿಡುವುದು. ಒಮ್ಮೆ ಹೀಗಾದರೆ ಕೊಲೆಗಾರ ಜಾಣ. ಮೂರನೇ ಹೆಣಕ್ಕೂ ದವಡೆ ಇಲ್ಲದಿದ್ದರೆ ಅದನ್ನು ಕೀಳುತ್ತಿರುವವರು ಯಾರೆಂದು ಮೇಜಿನ ಸುತ್ತ ಕೂತ ಎಲ್ಲರಿಗೂ ಗೊತ್ತಾಗುತ್ತದೆ. ಆ ಹುಡುಗಿ ಮುಂದಿನ ಲೆವೆಲ್‌ಗೆ ಏನು ಕಲಿಯಬಹುದೆಂದು ಪುಸ್ತಕ ತಿರುವಿ ಹಾಕುವುದನ್ನೇ ಬಿಡುತ್ತಾಳೆ.

ನಿಯಮವನ್ನು ಪೂರ್ತಿ ಓದಿದವರಿಗೆ ಇಷ್ಟು ಕಸರತ್ತು ಬೇಕಿಲ್ಲ. ಹೆಣಕ್ಕೆ ಬದುಕಿದ್ದಾಗ ತಿಳಿದಿದ್ದಷ್ಟೇ ತಿಳಿದಿರುತ್ತದೆ. ಹಿಂದಿನಿಂದ ಬಂದು ಇರಿದವನ ಮುಖ ಅದು ಕಂಡಿರುವುದಿಲ್ಲ. ಶತ್ರುವೆಂದು ಗುರುತಿಸಿದವರಿಗೆ ಅದು ನಿಜ ಹೇಳಬೇಕಾಗಿಯೂ ಇಲ್ಲ. ಆದರೆ ನನ್ನ ಮೆಚ್ಚುಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವ ಹೆಣಕ್ಕೆ. “ನನ್ನ ತಮ್ಮ” ಎನ್ನಲಿ. ಆ ತಮ್ಮನೇ ಊರಿನ ನ್ಯಾಯಾಧೀಶ. ಹೆಣದ ಸಾಕ್ಷಿಯನ್ನು ಅವನ ಮುಂದೆಯೇ ಹೇಳಬೇಕು. ಅದೇ ಹೆಣವನ್ನು ಮತ್ತೆ ಮಾತಾಡಿಸಲು 10 ದಿನ ಕಾಯಬೇಕು, ಅಷ್ಟರಲ್ಲಿ ಅವನು ಅಣ್ಣನನ್ನು ಸುಟ್ಟು ಬೂದಿ ಮಾಡಿರುತ್ತಾನೆ. ಸ್ಪೆಲ್ ಕೊಟ್ಟ ಮಾತು ಉಳಿಸಿಕೊಂಡಿತು. ಯಾರು ಎಂಬ ಪ್ರಶ್ನೆ ಮುಗಿಯಿತು, ರುಜುವಾತು ಹೇಗೆ ಎಂಬುದು ಶುರುವಾಯಿತು. ಅರ್ಧ ಸುಟ್ಟ ಪತ್ರಕ್ಕೆ ಈಗ ನಿಜವಾದ ಬೆಲೆ.

ಹಾಗೆಂದು ಸ್ಪೆಲ್‌ಗೆ ತಡೆ ಹಾಕುವುದೆಲ್ಲ ತಪ್ಪಲ್ಲ. 2016ರ ಸಾಹಸ ಪುಸ್ತಕ ಕರ್ಸ್ ಆಫ್ ಸ್ಟ್ರಾಡ್‌ನಲ್ಲಿ ಬರೋವಿಯಾ ಎಂಬ ನಾಡು ಬಿಟ್ಟು ಹೊರಹೋಗಲು ಯಾವ ಸ್ಪೆಲ್‌ಗೂ ಸಾಧ್ಯವಿಲ್ಲ. ಅಲ್ಲಿ ಸೆರೆಯೇ ಕಥೆ. ಆ ನಾಡಿನ ಒಡೆಯ ಸ್ಟ್ರಾಡ್ ಕೂಡ ಅದೇ ಸೆರೆಯಲ್ಲಿದ್ದಾನೆ, ಹಾಗಾಗಿ ಯಾರಿಗೂ ಮೋಸವೆನಿಸುವುದಿಲ್ಲ. ಮರುವರ್ಷದ ಟೂಮ್ ಆಫ್ ಅನ್ನಿಹಿಲೇಶನ್ ಇನ್ನೂ ಒಂದು ಹೆಜ್ಜೆ ಮುಂದೆ: ಸತ್ತವರನ್ನು ಬದುಕಿಸುವ ಸ್ಪೆಲ್‌ಗಳು ಲೋಕದಾದ್ಯಂತ ಕೆಲಸ ನಿಲ್ಲಿಸಿವೆ, ಯಾಕೆಂದು ಹುಡುಕುವುದೇ ಸಾಹಸ. ನಿಷೇಧವನ್ನೇ ಕಥಾವಸ್ತು ಮಾಡಿದ ಜಾಣ್ಮೆ ಇದು. ತಮಾಷೆಯೆಂದರೆ, ಇದೇ ಪುಸ್ತಕದ ಕಾಡಿನ ಪಯಣವನ್ನು ಮೊದಲ ಲೆವೆಲ್‌ನ ಗುಡ್‌ಬೆರಿ ಸ್ಪೆಲ್ ನೀರಸ ಮಾಡಿಬಿಡುತ್ತದೆ. ಒಂದು ಸಲ ಹಾಕಿದರೆ 10 ಹಣ್ಣು, ಒಂದು ಹಣ್ಣು ಒಬ್ಬರ ಒಂದು ದಿನದ ಊಟಕ್ಕೆ ಸಮ. ಹಸಿವಿಗೆ ಹೆದರಬೇಕಾದ ಕಾಡಿನಲ್ಲಿ ಡ್ರೂಯಿಡ್ ಅನ್ನಸತ್ರ ತೆರೆದು ಕೂರುತ್ತಾನೆ. ದೊಡ್ಡ ಸ್ಪೆಲ್‌ಗಳ ಮೇಲೆ ಕಣ್ಣಿಟ್ಟವರು ಸಣ್ಣವನ್ನು ಮರೆಯುತ್ತಾರೆ. ಗುಡ್‌ಬೆರಿಗೆ ಬೇಕಾದ ಬಂದಳಿಕೆಯ ಚಿಗುರು ಪ್ರತಿ ಸಲವೂ ಖರ್ಚಾಗುತ್ತದೆ ಎಂದು ಕೆಲವರು ಮನೆನಿಯಮ ಮಾಡಿಕೊಳ್ಳುತ್ತಾರೆ. ಮೊದಲ ದಿನವೇ ಹೇಳಿದ್ದರೆ ಸರಿ. ಕಾಡಿನ ನಡುವೆ ತಂದರೆ ಅದೂ ದವಡೆ ಕಿತ್ತ ಹಾಗೆಯೇ.

ನಿಯಮವೇ ಹಾಕಿಕೊಟ್ಟ ತಡೆಯೂ ಇದೆ: 2014ರ ಐದನೇ ಆವೃತ್ತಿ ದೊಡ್ಡ ರಾಕ್ಷಸರಿಗೆ ಲೆಜೆಂಡರಿ ರೆಸಿಸ್ಟೆನ್ಸ್ ಕೊಟ್ಟಿತು. ಸೇವಿಂಗ್ ಥ್ರೋ, ಅಂದರೆ ಸ್ಪೆಲ್ಲಿನಿಂದ ಪಾರಾಗಲು ಎಸೆಯುವ ಡೈಸ್, ಸೋತರೂ ಗೆದ್ದೆ ಎಂದುಕೊಳ್ಳುವ ಹಕ್ಕು, ಸಾಮಾನ್ಯವಾಗಿ ದಿನಕ್ಕೆ ಮೂರು ಸಲ. ಎಣಿಕೆ ಇರುವುದರಿಂದ ಪ್ರಾಮಾಣಿಕವೇನೋ ಹೌದು, ಆದರೆ ಸಪ್ಪೆ. ಒಬ್ಬರ ಸರದಿ ಬಂದು, ಇದ್ದುದರಲ್ಲೇ ಒಳ್ಳೆಯ ಸ್ಪೆಲ್ ಹಾಕಿ, “ಏನೂ ಆಗಲಿಲ್ಲ” ಎಂಬ ಉತ್ತರ ಕೇಳಿ ಇಪ್ಪತ್ತು ನಿಮಿಷ ಸುಮ್ಮನೆ ಕೂರುವುದು ಆಟವಲ್ಲ. ಡ್ರ್ಯಾಗನ್‌ನ ಹುರುಪೆ ಕಳಚಿ ಬಿತ್ತು, ಇನ್ನೆರಡು ಸಲ ತಡೆದೀತು ಎಂದು ಕಾಣಿಸಿದರೆ ಆ ಸ್ಪೆಲ್ ವ್ಯರ್ಥವಾಗಲಿಲ್ಲವೆಂದು ಗೊತ್ತಾಗುತ್ತದೆ.

ಕೊನೆಗೆ ಬರುವುದು ವಿಶ್, ಒಂಬತ್ತನೇ ಲೆವೆಲ್‌ನ ಸ್ಪೆಲ್. ಸ್ಪೆಲ್‌ಗಳ ಲೆವೆಲ್ ಎಣಿಕೆ ಪಾತ್ರದ ಲೆವೆಲ್‌ಗಿಂತ ಬೇರೆ: ವಿಝರ್ಡ್ ಹದಿನೇಳನೇ ಲೆವೆಲ್ ಮುಟ್ಟಿದರೆ ಸಿಗುತ್ತದೆ. ಎಂಟನೇ ಲೆವೆಲ್‌ವರೆಗಿನ ಯಾವುದೇ ಸ್ಪೆಲ್ ನಕಲು ಮಾಡಿದರೆ ಅಪಾಯವಿಲ್ಲ. ಅದರಾಚೆಗೆ ಏನು ಬೇಡಿದರೂ, ಇನ್ನೆಂದೂ ವಿಶ್ ಹಾಕಲಾಗದೆ ಹೋಗುವ ಸಾಧ್ಯತೆ ಶೇ. 33. ಬೇಡಿಕೆಯ ಅಕ್ಷರ ಹಿಡಿದು ಅರ್ಥ ತಿರುಚುವ ಸ್ವಾತಂತ್ರ್ಯವನ್ನೂ ಪುಸ್ತಕ ಡಿಎಂಗೆ ಕೊಟ್ಟಿದೆ, ಬಹಳ ಮಂದಿ ಅದನ್ನೇ ಕರ್ತವ್ಯವೆಂದು ತಿಳಿದಿದ್ದಾರೆ. ಹಿರಣ್ಯಕಶಿಪುವಿನ ವರದಲ್ಲಿ ಹೊಸ್ತಿಲಿನ ಸಂದು ಹುಡುಕಿದ್ದು ಚೆಂದ, ಅವನು ಅಸುರ. ವರ್ಷಗಟ್ಟಲೆ ಒಂದು ಪಾತ್ರವನ್ನು ಬೆಳೆಸಿ ಬಂದ ಗೆಳೆಯ ಅಸುರನಲ್ಲ. ಅವನು ಸತ್ತ ತಂಗಿಯನ್ನು ಕೇಳಿದರೆ ತಂಗಿ ಬರಲಿ, ಪ್ರೇತವಾಗಿ ಅಲ್ಲ. ಶೇ. 33ರ ಆ ಡೈಸ್ ಇದ್ದೇ ಇದೆ, ಅದಕ್ಕಿಂತ ದೊಡ್ಡ ಬೆಲೆ ಯಾಕೆ? ತಂಗಿ ಬಂದ ಮೇಲೆ ಊರವರು ತಮ್ಮ ತಮ್ಮ ಸತ್ತವರ ಹೆಸರು ಹಿಡಿದು ಅವನ ಬಾಗಿಲಿಗೆ ಬರುತ್ತಾರೆ. ಮುಂದಿನ ನಾಲ್ಕು ಸೆಷನ್‌ಗೆ ಅಷ್ಟು ಸಾಕು. ಏನು ಮಾಡಬೇಕೆಂದು ಆ ಕ್ಷಣಕ್ಕೆ ಹೊಳೆಯದಿದ್ದರೆ ಟೀ ಬ್ರೇಕ್ ಕೊಡಬಹುದು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.