ಕೈಗಡದ ಗಾಡಿ

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಕೂಡಿತೆಂದರೆ ವಿಜಯಪುರದ ನಮ್ಮ ಓಣಿಯಲ್ಲಿ ಯಾವ ಗಾಡಿ ಯಾರದೆಂದು ಹೇಳುವುದು ಕಷ್ಟ. ಟಿಕೋಟಾದಿಂದ ಬಂದ ಅಳಿಯ ಮಾವನ ಸ್ಕೂಟರ್ ಹತ್ತಿ ತೊರವಿಯ ದನದ ಜಾತ್ರೆಗೆ ಹೋಗಿರುತ್ತಾನೆ. ಬಬಲೇಶ್ವರದಿಂದ ಬಸ್ಸಿಗೆ ಬಂದ ಗೆಳೆಯ ರಾತ್ರಿ ಮದ್ದು ಸುಡುವುದನ್ನು ನೋಡಿಕೊಂಡು ನಮ್ಮ ಕಾರಿನಲ್ಲಿ ಊರಿಗೆ ಮರಳುತ್ತಾನೆ. "ಚಾವಿ ಕೊಡ್ರಿ ಕಾಕಾ, ಈಗ ಬಂದೆ" ಎಂದವರಿಗೆ ಇಲ್ಲ ಎನ್ನುವವರು ಇಲ್ಲಿ ಕಡಿಮೆ. ಎತ್ತು, ಕೂರಿಗೆ, ಕುಂಟೆಗಳನ್ನು ಕೊಟ್ಟು ತಂದು ಬಾಳಿದ ನೆಲ ಇದು. ಗಾಡಿಯೂ ಆ ಸಾಲಿಗೇ ಸೇರಿತು. ಕೊಡುವವರು ಕೇಳುವುದು ಒಂದೇ ಮಾತು: "ಲೈಸನ್ಸ್ ಐತಿಲ್ಲ?" ಒಯ್ಯುವವರು ತಿರುಗಿ ಕೇಳುವುದೂ ಒಂದೇ: "ಇನ್ಶೂರನ್ಸ್ ಚಾಲೂ ಐತಿಲ್ಲ?" ಎರಡಕ್ಕೂ ಹೌದು ಅಂದರೆ ಎಲ್ಲರ ಮನಸ್ಸೂ ನಿರಾಳ.

ಆ ನಿರಾಳ ಎಷ್ಟು ಗಟ್ಟಿ ಎಂದು ನೋಡಲು ನಮ್ಮ ಕಾರಿನ ವಿಮಾ ಪತ್ರವನ್ನು ಒಂದು ಕೃತಿಯನ್ನು ಓದುವ ಹಾಗೆ ಪದ ಬಿಡದೆ ಓದಿದೆ. ಕಂಪನಿ ಯಾವುದಾದರೂ ಇದರ ಮಾತು ಹೆಚ್ಚುಕಡಿಮೆ ಒಂದೇ. 2002ರ ಭಾರತೀಯ ಮೋಟಾರು ದರಪಟ್ಟಿಯಲ್ಲಿ ನಿಂತ ವಾಕ್ಯಗಳೇ ಇಂದಿಗೂ ಅಚ್ಚಾಗುತ್ತಿವೆ. ಅದರ ನಡುಮನೆ 'ಚಾಲಕ' ಎಂಬ ಷರತ್ತು. ವಿಮೆ ಮಾಡಿಸಿದವರೂ ಸೇರಿ ಯಾರು ಬೇಕಾದರೂ ಈ ಗಾಡಿ ಓಡಿಸಬಹುದು, ಅಪಘಾತದ ಹೊತ್ತಿಗೆ ಅವರ ಲೈಸನ್ಸ್ ಜಾರಿಯಲ್ಲಿರಬೇಕು, ಅನರ್ಹರಾಗಿರಬಾರದು ಎನ್ನುತ್ತದೆ ಅದು. ಎಲ್‌ಎಲ್, ಅಂದರೆ ಕಲಿಯುವವರ ಲೈಸನ್ಸ್, ಇದ್ದವರಿಗೂ ಜಾಗವಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮದಂತೆ ಪಕ್ಕದಲ್ಲಿ ಲೈಸನ್ಸ್ ಇರುವ ಕಲಿಸುವವರು ಕುಳಿತಿರಬೇಕು, ಗಾಡಿಯ ಹಿಂದೆ ಮುಂದೆ ಕೆಂಪು 'ಎಲ್' ಕಾಣಬೇಕು.

ಈ ವಾಕ್ಯದ ಮನಸ್ಸು ದೊಡ್ಡದು. ಬ್ರಿಟನ್ನಿನಲ್ಲಿ ನೆಲೆಸಿದ ನಮ್ಮವರನ್ನು ಕೇಳಿದರೆ ಇದರ ಬೆಲೆ ತಿಳಿಯುತ್ತದೆ. ಅಲ್ಲಿ ಪಾಲಿಸಿಯಲ್ಲಿ ಯಾರ ಹೆಸರಿದೆಯೋ ಸಾಮಾನ್ಯವಾಗಿ ಅವರೇ ಓಡಿಸಬೇಕು. ತನ್ನ ಪಾಲಿಸಿಯ ಬಲದ ಮೇಲೆ ಬೇರೆಯವರ ಕಾರು ಓಡಿಸುವ ಸವಲತ್ತು ಕೆಲವರಿಗೆ ಇರುತ್ತದೆ, ಅದೂ ಎದುರಿನವರಿಗೆ ಆದ ಹಾನಿಗೆ ಮಾತ್ರ. 25 ದಾಟದ ಹುಡುಗರಿಗೆ ಎಷ್ಟೋ ಕಂಪನಿಗಳು ಅದನ್ನೂ ಕೊಡುವುದಿಲ್ಲ. 18ರ ಮಗನ ಹೆಸರು ಸೇರಿಸಿದರೆ ಪ್ರೀಮಿಯಂ ಒಮ್ಮೆಲೇ ಏರುತ್ತದೆ. ನಮ್ಮ ಥರ್ಡ್ ಪಾರ್ಟಿ ದರ ಓಡಿಸುವವರ ವಯಸ್ಸು ಕೇಳುವುದೇ ಇಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿಯೊಳಗಿನ ಖಾಸಗಿ ಕಾರಿಗೆ ವರ್ಷಕ್ಕೆ 2094 ರೂಪಾಯಿ, 1500ರೊಳಗೆ 3416, ಅದರಾಚೆ 7897; 75ರಿಂದ 150 ಸಿಸಿಯ ಬೈಕಿಗೆ 714. ಎಂಜಿನ್ನಿನ ಅಳತೆ ಅಷ್ಟೇ ಲೆಕ್ಕ. ಇದು ಸರಿ ಎಂದೇ ನನ್ನ ಅಭಿಪ್ರಾಯ. ಹರೆಯದವರಿಗೆ ಹೆಚ್ಚು ದರ ಹಾಕಿದ್ದರೆ ಟಿಕೋಟಾದ ದ್ರಾಕ್ಷಿ ಪಡದಲ್ಲಿ ಕೂಲಿ ಮಾಡುವ ಮನೆಯ ಹುಡುಗ ವಿಮೆಯನ್ನೇ ಬಿಟ್ಟು ಗಾಡಿ ಹೊಡೆಯುತ್ತಿದ್ದ; ಅವನ ಗಾಡಿಗೆ ಸಿಕ್ಕವರಿಗೆ ಏನೂ ದಕ್ಕುತ್ತಿರಲಿಲ್ಲ.

ಆದರೆ 'ಯಾರು ಬೇಕಾದರೂ' ಎಂಬ ಮಾತು ರಕ್ಷಿಸುವುದು ಎದುರಿನವರನ್ನು, ಗಾಡಿ ಕೊಟ್ಟ ಮಾಲೀಕರನ್ನು. ಗಾಡಿ ಒಯ್ದವರೇ ಸತ್ತರೆ? ಇಲ್ಲಿ ಪತ್ರ ಮೌನ. ಆ ಮೌನದ ಬೆಲೆ ತೆತ್ತವರು ನಮ್ಮ ಕಡೆಯವರೇ.

1997ರವರೆಗೆ ಅಖಂಡ ವಿಜಾಪುರ ಜಿಲ್ಲೆಯಲ್ಲೇ ಇದ್ದ ಇಳಕಲ್ಲಿನಿಂದ ಒಬ್ಬ ಗೃಹಸ್ಥರು ಬೇರೆಯವರ ಮೋಟಾರ್ ಸೈಕಲ್ ಕೇಳಿ ಪಡೆದು ತಮ್ಮೂರು ಗುಡೂರಿಗೆ ಹೊರಟಿದ್ದರು. ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ, ನಮ್ಮ ವಿಜಯಪುರವನ್ನೇ ಹಾಯ್ದು ಹೊಸಪೇಟೆಗೆ ಇಳಿಯುವ ದಾರಿಯಲ್ಲಿ, ಮುಂದೆ ಕಬ್ಬಿಣದ ತಗಡು ಹೇರಿದ ಎತ್ತಿನ ಬಂಡಿಯೊಂದು ಸಾಗುತ್ತಿತ್ತು. ಬಂಡಿ ತಟ್ಟನೆ ನಿಂತಿತು, ಇವರು ಹಿಂದಿನಿಂದ ಹೋಗಿ ಬಡಿದರು, ಉಳಿಯಲಿಲ್ಲ. ಅವರ ಹೆಂಡತಿ ಮೋಟಾರು ವಾಹನ ಕಾಯ್ದೆಯಲ್ಲಿ ಆಗ ಇದ್ದ 163ಎ ಕಲಮಿನಡಿ ಪರಿಹಾರ ಕೇಳಿದರು. ತಪ್ಪು ಯಾರದೆಂದು ಸಾಬೀತು ಮಾಡದೆಯೇ ಸೂತ್ರದ ಪ್ರಕಾರ ಹಣ ಪಡೆಯುವ ಕಲಮು ಅದು. ಅಪಘಾತ ಪರಿಹಾರ ನ್ಯಾಯಮಂಡಳಿ ಕೊಟ್ಟಿತು, ಕರ್ನಾಟಕ ಹೈಕೋರ್ಟು ತೆಗೆದುಹಾಕಿತು, ಸಂಗತಿ ದಿಲ್ಲಿಗೆ ಹೋಯಿತು. ಕೇಳಿ ಪಡೆದ ಗಾಡಿಯನ್ನು ಓಡಿಸುವವರು ಮಾಲೀಕರ ಜಾಗದಲ್ಲಿ ನಿಂತಂತೆ, ಪರಿಹಾರ ಕೊಡಬೇಕಾದವರೂ ಪಡೆಯುವವರೂ ಒಬ್ಬರೇ ಆಗಲಾರರು, ಹಾಗಾಗಿ ಈ ಕಲಮಿನಡಿ ಹಕ್ಕಿಲ್ಲ ಎಂದು 2009ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತಪ್ಪು ಸಾಬೀತು ಮಾಡಿ ಕೇಳುವ 166ನೇ ಕಲಮಿನಡಿ ಏನಾದರೂ ನ್ಯಾಯ ಸಿಗುತ್ತದೆಯೇ ನೋಡಿ ಎಂದು ಪ್ರಕರಣವನ್ನು ಹೈಕೋರ್ಟಿಗೆ ಮರಳಿಸಿತು. ಆ ತೀರ್ಪನ್ನು ದೇಶದ ವಕೀಲರೆಲ್ಲ ಇಂದಿಗೂ ಆ ಹೆಣ್ಣುಮಗಳ ಹೆಸರಿನಿಂದಲೇ ಕರೆಯುತ್ತಾರೆ.

ತೀರ್ಪಿನ ತರ್ಕದಲ್ಲಿ ಬಿರುಕಿಲ್ಲ. ಬಿರುಕು ಇರುವುದು ವಿಮಾ ಪತ್ರದಲ್ಲಿ. ಗಾಡಿ ಒಯ್ದವರನ್ನು ಮಾಲೀಕರ ಜಾಗದಲ್ಲಿ ನಿಲ್ಲಿಸಿದ ಮೇಲೆ ಮಾಲೀಕರಿಗೆ ಇರುವ ರಕ್ಷಣೆಯೂ ಅವರಿಗೆ ದಕ್ಕಬೇಕು. ಮಾಲೀಕ-ಚಾಲಕರಿಗೆ ಕಡ್ಡಾಯವಾದ ವೈಯಕ್ತಿಕ ಅಪಘಾತ ರಕ್ಷಣೆ ಇದೆ. 2018ರ ಸೆಪ್ಟೆಂಬರಿನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಅದರ ಮೊತ್ತವನ್ನು 15 ಲಕ್ಷ ರೂಪಾಯಿಗೆ ಏರಿಸಿತು. ಆದರೆ ಅದರ ಷರತ್ತು ಓದಿ: ಗಾಡಿ ಅವರ ಹೆಸರಿನಲ್ಲೇ ನೋಂದಣಿಯಾಗಿರಬೇಕು, ಪಾಲಿಸಿಯಲ್ಲಿ ಅವರದೇ ಹೆಸರಿರಬೇಕು, ಲೈಸನ್ಸ್ ಇರಬೇಕು. ಹಕ್ಕು ಕಳೆಯುವಾಗ ಒಯ್ದವರು ಮಾಲೀಕರು. ಹಣ ಕೊಡುವಾಗ ಅವರು ಪರರು. ಈ ಎರಡು ನಾಲಿಗೆಯೇ ವಿಮಾ ಪತ್ರದ ದೊಡ್ಡ ದೋಷ. 2020ರ ಜನವರಿಯಲ್ಲಿ ರಾಜಸ್ಥಾನದ ಇಂಥದೇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 163ಎ ಅಡಿಯ ಹಕ್ಕನ್ನು ಮತ್ತೆ ನಿರಾಕರಿಸಿತು. ಜೊತೆಗೆ, ಅವರು ಮಾಲೀಕರ ಜಾಗದಲ್ಲಿ ನಿಂತಿದ್ದಾರಾದರೆ ಒಪ್ಪಂದದಲ್ಲಿ ಮಾಲೀಕರಿಗಿದ್ದ 1 ಲಕ್ಷವಾದರೂ ಆ ಕುಟುಂಬಕ್ಕೆ ಸೇರಲಿ ಎಂದಿತು. ಕೋರ್ಟಿಗೆ ಹೊಳೆದ ಈ ನ್ಯಾಯವನ್ನು ವಿಮಾ ಪತ್ರ ಬರೆಯುವವರು ಒಂದು ವಾಕ್ಯವಾಗಿ ಸೇರಿಸಬೇಕಿತ್ತು. ಸೇರಿಸಿಲ್ಲ. ಒಬ್ಬೊಬ್ಬ ವಿಧವೆಯೂ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ ಪಡೆಯಬೇಕಾದದ್ದನ್ನು ರಕ್ಷಣೆ ಎಂದು ಹೇಗೆ ಕರೆಯುವುದು?

ಇದು ಗೆಳೆಯರ ನಡುವಿನ ಕೈಗಡಕ್ಕೆ ಮಾತ್ರ ಸೇರಿದ ಸಂಗತಿಯಾಗಿದ್ದರೆ ನಾನು ಇಷ್ಟು ಕಳವಳ ಪಡುತ್ತಿರಲಿಲ್ಲ. ಮನೆಯೊಳಗೇ ನೋಡಿ. ಇಲ್ಲಿ ಎಷ್ಟೋ ಮನೆಗಳಲ್ಲಿ ಗಾಡಿ ಅಪ್ಪನ ಹೆಸರಿನಲ್ಲಿ, ಓಡಿಸುವವನು ಮಗ. ಕೆಲವೊಮ್ಮೆ ಆ ಅಪ್ಪನಿಗೆ ಲೈಸನ್ಸೇ ಇರುವುದಿಲ್ಲ. ಕಾಗದದ ಕಣ್ಣಿಗೆ 19ರ ಮಗ ತನ್ನ ಮನೆಯ ಗಾಡಿಯನ್ನೇ ಕೈಗಡ ಒಯ್ದವನು. ಹಿಂದೆ ಕುಳಿತ ತಂಗಿಯ ಪಾಡು ಬೇರೆ: ಬರೇ ಥರ್ಡ್ ಪಾರ್ಟಿ ಪಾಲಿಸಿ ಸ್ಕೂಟರಿನ ಹಿಂಬದಿ ಸವಾರರನ್ನು ಕಾಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ನಾವು 'ಫುಲ್ ಇನ್ಶೂರನ್ಸ್' ಎನ್ನುವ ಪ್ಯಾಕೇಜ್ ಪಾಲಿಸಿ ಇದ್ದರೆ ಮಾತ್ರ ಅವಳಿಗೆ ರಕ್ಷಣೆ ಎಂದು 2009ರ ನವೆಂಬರಿನಲ್ಲಿ ಪ್ರಾಧಿಕಾರ ಸ್ಪಷ್ಟಪಡಿಸಿತು. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕುಳಿತು ಹೊಲಕ್ಕೆ ಹೋಗುವವರ ಮಾತು ಹೇಳುವುದೇ ಬೇಡ; ನೋಂದಣಿ ಪತ್ರದಲ್ಲಿ ಅಲ್ಲಿರುವುದು ಒಂದೇ ಆಸನ, ಚಾಲಕರದು.

18 ತುಂಬದ ಹುಡುಗರ ವಿಷಯಕ್ಕೆ ಬಂದರೆ ಪತ್ರದ ಔದಾರ್ಯ ಪೂರಾ ಮುಗಿಯುತ್ತದೆ. ಬೆಳಿಗ್ಗೆ ಸಿದ್ಧೇಶ್ವರ ಗುಡಿಯ ಸುತ್ತಲಿನ ರಸ್ತೆಗಳಲ್ಲಿ ನಿಂತರೆ ಪಿಯುಸಿ ಟ್ಯೂಷನ್ನಿಗೆ ಹೋಗುವ ಮಕ್ಕಳು ಸ್ಕೂಟರುಗಳ ಮೇಲೆ ಇಬ್ಬಿಬ್ಬರು ಮೂವರು ಹಾಯುತ್ತಾರೆ. "ಗೇರ್ ಇಲ್ಲದ ಗಾಡಿಗೆ 16 ಸಾಕು" ಎಂದು ತಂದೆತಾಯಂದಿರು ಧೈರ್ಯವಾಗಿ ಹೇಳುತ್ತಾರೆ. ಕಾನೂನು ಹೇಳುವುದು 50 ಸಿಸಿ ಮೀರದ ಗಾಡಿಯ ಮಾತು. ಶೋರೂಮಿನಲ್ಲಿ ನಿಂತಿರುವ ಸ್ಕೂಟರುಗಳು 110, 125 ಸಿಸಿಯವು. 16ರ ಲೈಸನ್ಸ್ ಅವಕ್ಕೆ ಹೊಂದುವುದಿಲ್ಲ; ಅದನ್ನು ನಂಬಿ ಹೊರಟ ಮಗುವಿನ ಕೈಯಲ್ಲಿ ಲೈಸನ್ಸ್ ಇದ್ದೂ ಇಲ್ಲ. 50 ಸಿಸಿಯ ಗಾಡಿಗಳು ಅಂಗಡಿಯಿಂದ ಮರೆಯಾದರೂ ಕಲಮು ಹಾಗೇ ಉಳಿದು ಮನೆಮನೆಗೆ ತಪ್ಪು ಧೈರ್ಯ ಹಂಚುತ್ತಿದೆ. ಅದನ್ನು ತಿದ್ದದೆ ಬಿಟ್ಟದ್ದು ಶಾಸನ ಮಾಡಿದವರ ಹೊಣೆಗೇಡಿತನ.

2019ರ ತಿದ್ದುಪಡಿ ತಂದ 199ಎ ಕಲಮು ತಂದೆತಾಯಿ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಆ ಹುಡುಗನಿಗೆ 25 ತುಂಬುವವರೆಗೆ ಲೈಸನ್ಸ್ ಇಲ್ಲ ಎನ್ನುತ್ತದೆ. ಜನರಿಗೆ ಗೊತ್ತಿರುವುದು ಈ 25,000. ಗೊತ್ತಿಲ್ಲದ್ದು ಇದಕ್ಕಿಂತ ಭಾರದ್ದು. ಲೈಸನ್ಸ್ ಇಲ್ಲದವರು ಓಡಿಸಿ ಯಾರಾದರೂ ಸತ್ತರೆ, ಕಂಪನಿ ಮೊದಲು ಸತ್ತವರ ಮನೆಯವರಿಗೆ ಹಣ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಬೇಕು ಎಂಬ ದಾರಿಯನ್ನು ಸುಪ್ರೀಂ ಕೋರ್ಟ್ 2004ರಲ್ಲಿ ಗಟ್ಟಿ ಮಾಡಿತು. 2020ರಲ್ಲಿ ನಮ್ಮ ಹೈಕೋರ್ಟಿನ ಪೂರ್ಣಪೀಠವೂ ಅದನ್ನೇ ಹಿಡಿಯಿತು. ಮಾಲೀಕರು ಬೇಕೆಂದೇ ಷರತ್ತು ಮುರಿದರು ಎಂದು ಕಂಪನಿ ತೋರಿಸಬೇಕು, ನಿಜ. ಸ್ವಂತ ಮಗನ ವಯಸ್ಸು ಗೊತ್ತಿರಲಿಲ್ಲ ಎಂದು ಯಾವ ತಂದೆ ಹೇಳಬಲ್ಲ? ಚಾವಿ ನಾನು ಕೊಡಲಿಲ್ಲ ಎಂದರೂ ಸಾಲದು. ಚಿಕ್ಕ ವಯಸ್ಸಿನ ಬಂಧು ಗಾಡಿ ಒಯ್ದ ಪ್ರಕರಣವೊಂದರಲ್ಲಿ, ಗಾಡಿ ಅಂಥವರ ಕೈಗೆ ಹೋಗದಂತೆ ನೋಡಿಕೊಳ್ಳುವ ಹೊಣೆ ಮಾಲೀಕರದೇ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ವಸೂಲಿ ಎಂದರೆ ಲಕ್ಷಗಳ ಲೆಕ್ಕ. ನಮ್ಮ ಕಡೆ ಅದು ಬಂದು ನಿಲ್ಲುವುದು ಮನೆಯ ಮೇಲೆ, ಹೊಲದ ಮೇಲೆ. ಬೀದಿಯಲ್ಲಿ ಸತ್ತವರ ಮನೆಗೆ ಮೊದಲು ಹಣ ತಲುಪಿಸುವ ಈ ಏರ್ಪಾಡನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅದರ ಎರಡನೆಯ ಅರ್ಧವನ್ನು ಪಾಲಿಸಿ ಮಾರುವವರು ಮಾಲೀಕರಿಗೆ ಬಾಯಿಮಾತಿನಲ್ಲಾದರೂ ಹೇಳುವುದಿಲ್ಲ, ಅದು ಅನ್ಯಾಯ. ನನ್ನ ಪತ್ರವಂತೂ ಮೊದಲಿನಿಂದ ಕೊನೆಯವರೆಗೆ ಇಂಗ್ಲಿಷಿನಲ್ಲಿದೆ.

ಅದೇ ದರಪಟ್ಟಿಯ ಕೊನೆಯಲ್ಲಿ ಸೇರ್ಪಡೆ ಷರತ್ತುಗಳ ಉದ್ದನೆಯ ಸಾಲು ಇದೆ. ಹದಿನೈದನೆಯದು ಖಾಸಗಿ ಕಾರಿಗೂ ಬೈಕಿಗೂ ಸಲ್ಲುವಂಥದು: ಮಾಲೀಕರಲ್ಲದ ಒಬ್ಬರ ಹೆಸರು ಬರೆಸಿ ಅವರಿಗೂ ವೈಯಕ್ತಿಕ ಅಪಘಾತ ರಕ್ಷಣೆ ಕೊಡಿಸಬಹುದು, ಅದಕ್ಕೆ ಬೇರೆ ಪ್ರೀಮಿಯಂ ಕಟ್ಟಬೇಕು. ಅಪ್ಪನ ಗಾಡಿ ಓಡಿಸುವ ಮಗನಿಗೆ, ಗಂಡನ ಸ್ಕೂಟರ್ ಓಡಿಸುವ ಹೆಂಡತಿಗೆ ಬೇಕಾದದ್ದು ಇದೇ. ಇಷ್ಟು ವರ್ಷ ಪಾಲಿಸಿ ನವೀಕರಿಸುವಾಗ ನನ್ನ ಮುಂದೆ ಯಾರೂ ಇದರ ಮಾತೆತ್ತಿರಲಿಲ್ಲ. ಈ ಸಲ ನಾನೇ ಕೇಳಿದೆ. ಮೇಜಿನಾಚೆ ಕುಳಿತವರು ಒಂದು ಗಳಿಗೆ ನನ್ನ ಮುಖ ನೋಡಿದರು, ಫಾರ್ಮು ತಿರುವಿ ಅದರ ಜಾಗ ಹುಡುಕಿದರು. ಅಲ್ಲಿ ನನ್ನ ಮಗನ ಹೆಸರು ಬರೆಸಿ ಬಂದೆ.